ಸ್ವಂತವಾಗಿ ಮರ ಸವರುವ ಉದ್ಯೋಗಕ್ಕೆ ಇಳಿಯುವವರು ಮೊದಲು ಏನನ್ನು ಕೊಳ್ಳಬೇಕು?

ಕೇಳಿದವರ ಮಾತು

ಎರಡು ವರ್ಷಗಳಿಂದ ಮರ ಸವರುವ ತಂಡವೊಂದರಲ್ಲಿ ನೆಲದ ಮೇಲಿನ ಸಹಾಯಕನಾಗಿ ದುಡಿದಿದ್ದೇನೆ. ಚೈನ್‌ಸಾ (ಯಂತ್ರದ ಸರಪಳಿ ಗರಗಸ) ಬಳಕೆ ಮತ್ತು ಹಗ್ಗದ ನೆರವಿನಿಂದ ಮರ ಹತ್ತುವುದು, ಇವೆರಡರ ತರಬೇತಿಯನ್ನೂ ಮುಗಿಸಿದ್ದೇನೆ. ಈಗ ಸ್ವಂತವಾಗಿ ಈ ಉದ್ಯೋಗವನ್ನು ಆರಂಭಿಸಬೇಕೆಂದಿದ್ದೇನೆ. ಉಳಿತಾಯ ಸೀಮಿತವಾಗಿದೆ. ಅದರ ಹೆಚ್ಚಿನ ಪಾಲನ್ನು ಕೊಂಬೆಗಳನ್ನು ಚೂರು ಮಾಡುವ ಚಿಪ್ಪರ್ ಯಂತ್ರಕ್ಕೆ ಹಾಕಿ, ಉಳಿದುದರಲ್ಲಿ ಗರಗಸ ಹಾಗೂ ಹತ್ತುವ ಸಲಕರಣೆಗಳನ್ನು ಕೊಳ್ಳುವ ಯೋಚನೆಯಿದೆ. ಈ ಕ್ರಮ ಸರಿಯೇ? ಈಗಾಗಲೇ ಇದೇ ದಾರಿಯಲ್ಲಿ ನಡೆದವರು ಮೊದಲು ಏನನ್ನು ಕೊಂಡಿರಿ, ಯಾವುದನ್ನು ಕೊಂಡು ಪಶ್ಚಾತ್ತಾಪಪಟ್ಟಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಹದಿನೆಂಟು ವರ್ಷಗಳಿಂದ ಮರ ಹತ್ತುತ್ತಿರುವವರ ಉತ್ತರ

ನೀವು ಹಾಕಿಕೊಂಡಿರುವ ಕ್ರಮವನ್ನು ಹಿಂದುಮುಂದು ಮಾಡಿಕೊಳ್ಳಿ ಎಂಬುದೇ ನನ್ನ ಮೊದಲ ಸಲಹೆ. ಚಿಪ್ಪರ್ ಇಲ್ಲದಿದ್ದರೆ ಕೆಲಸ ನಿಧಾನವಾಗುತ್ತದೆ, ಅಷ್ಟೆ. ಹಗ್ಗ ಕೈಕೊಟ್ಟರೆ ಕೆಲಸ ಮಾಡುವ ಮನುಷ್ಯನೇ ಉಳಿಯುವುದಿಲ್ಲ. ಆದ್ದರಿಂದ ನಿಮ್ಮ ಮೈಭಾರವನ್ನು ಹೊರುವ ಪ್ರತಿಯೊಂದು ವಸ್ತುವನ್ನೂ ಮೊದಲು ಕೊಳ್ಳಿ, ಹೊಸದನ್ನೇ ಕೊಳ್ಳಿ. ಮರ ಹತ್ತುವವರಿಗಾಗಿಯೇ ತಯಾರಾದ ಹಾರ್ನೆಸ್ (ಸೊಂಟಕ್ಕೂ ತೊಡೆಗಳಿಗೂ ತೊಡುವ ಪಟ್ಟಿಗಳ ಜೋಡಣೆ) ಒಂದನ್ನು ಕೊಳ್ಳುವ ಮುನ್ನ ಅದನ್ನು ತೊಟ್ಟು ಹತ್ತು ಹದಿನೈದು ನಿಮಿಷ ನೇತಾಡಿ ನೋಡಿ. ನಿಂತಾಗ ಹಿತವೆನಿಸಿದ ಹಾರ್ನೆಸ್ ನೇತಾಡುವಾಗ ತೊಡೆಯನ್ನು ಕೊರೆಯುವುದನ್ನು ನಾನು ಬಹಳ ಬಾರಿ ಕಂಡಿದ್ದೇನೆ. ಹಗ್ಗವು 11ರಿಂದ 13 ಮಿಲಿಮೀಟರ್ ದಪ್ಪದ್ದಾಗಿದ್ದು, ಹೆಚ್ಚು ಹಿಗ್ಗದ ಜಾತಿಯದಾಗಿರಬೇಕು. ಬಂಡೆ ಹತ್ತುವವರು ಬಳಸುವ ಹಿಗ್ಗುವ ಹಗ್ಗ ಈ ಕೆಲಸಕ್ಕೆ ಒದಗುವುದಿಲ್ಲ. ಕ್ಯಾರಬೀನರ್‌ಗಳು (ಹಗ್ಗವನ್ನು ಜೋಡಿಸುವ ಲೋಹದ ಕೊಂಡಿಗಳು) ಮೂರು ಚಲನೆಗಳಿಂದ ಮಾತ್ರ ತೆರೆಯುವ, ಕೈಬಿಟ್ಟ ಕೂಡಲೇ ತಾವಾಗಿ ಬೀಗ ಹಾಕಿಕೊಳ್ಳುವ ಬಗೆಯವಾಗಿರಲಿ. ಸೊಂಟದಿಂದ ಕಾಂಡದ ಸುತ್ತ ಕಟ್ಟಿಕೊಳ್ಳುವ ಎರಡನೆಯ ಹಗ್ಗವೂ ಬೇಕೇ ಬೇಕು, ಏಕೆಂದರೆ ಮರದ ಮೇಲೆ ಚೈನ್‌ಸಾ ಚಾಲೂ ಆಗುವ ಮುನ್ನ ನೀವು ಎರಡು ಬೇರೆ ಬೇರೆ ಕಡೆ ಭದ್ರವಾಗಿರಬೇಕು. ಒಂದು ಹಗ್ಗವನ್ನು ಗರಗಸವೇ ಕತ್ತರಿಸಿಬಿಟ್ಟರೂ ಇನ್ನೊಂದು ಹಿಡಿದಿರುತ್ತದೆ.

ಇದರ ನಂತರದ ಸರದಿ ಉಡುಪಿನದು. ಗದ್ದಪಟ್ಟಿಯಿರುವ ಹೆಲ್ಮೆಟ್, ಕಿವಿ ಮುಚ್ಚುವ ಸಾಧನ ಮತ್ತು ಕಣ್ಣಿನ ರಕ್ಷಣೆಯ ಬಗ್ಗೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಪ್ಯಾಂಟಿನ ವಿಷಯದಲ್ಲಿ ಮಾತ್ರ ಎಚ್ಚರ ವಹಿಸಿ. ಚೈನ್‌ಸಾ ಪ್ಯಾಂಟಿನೊಳಗೆ ಉದ್ದನೆಯ ನಾರುಗಳ ಪದರಗಳಿರುತ್ತವೆ. ಸರಪಳಿ ತಾಗಿದ ಕ್ಷಣ ಆ ನಾರುಗಳು ಹೊರಬಂದು ಹಲ್ಲುಚಕ್ರಕ್ಕೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತವೆ. ನೆಲದ ಕೆಲಸಕ್ಕೆಂದು ಬರುವ ‘ಎ’ ಬಗೆಯಲ್ಲಿ ಈ ಪದರ ಕಾಲಿನ ಮುಂಭಾಗವನ್ನಷ್ಟೇ ಕಾಯುತ್ತದೆ. ‘ಸಿ’ ಬಗೆಯಲ್ಲಿ ಅದು ಕಾಲಿನ ಸುತ್ತಲೂ ಇರುತ್ತದೆ. ಮರದ ಮೇಲೆ ಕಾಲು ಯಾವ ಕಡೆಗೆ ತಿರುಗಿರುತ್ತದೆಂದು ಹೇಳಲಾಗದ್ದರಿಂದ ಹತ್ತುವವರಿಗೆ ‘ಸಿ’ ಬಗೆಯೇ ತಕ್ಕುದು, ಸೆಕೆ ಹೆಚ್ಚಾದರೂ ಸಹಿಸಿಕೊಳ್ಳಬೇಕು.

ಗರಗಸಗಳಲ್ಲಿ ಮೊದಲನೆಯದು ಒರೆಯಲ್ಲಿ ತೊಡೆಗೆ ಕಟ್ಟಿಕೊಳ್ಳುವ ಬಾಗಿದ ಕೈಗರಗಸ. ಜೀವಂತ ಮರವನ್ನು ಸವರುವಾಗ ಅರ್ಧ ಕೆಲಸ ಅದರಿಂದಲೇ ಸಾಗುತ್ತದೆ. ಎರಡನೆಯದು ಸುಮಾರು 50 ಸಿಸಿಯ, ಹಿಂದೆ ಹಿಡಿಕೆಯಿರುವ ಚೈನ್‌ಸಾ. ನೆಲದ ಮೇಲಿನ ಹೆಚ್ಚಿನ ಕೆಲಸಕ್ಕೆ ಅದು ಸಾಕು. ಮೂರನೆಯದು ಮೇಲೆ ಹಿಡಿಕೆಯಿರುವ ಹಗುರವಾದ ಚೈನ್‌ಸಾ. ಹಗುರವಾಗಿರುವುದರಿಂದಲೇ ಅದನ್ನು ಒಂದೇ ಕೈಯಲ್ಲಿ ಹಿಡಿದು ಕೊಯ್ಯುವ ಆಸೆ ಹುಟ್ಟುತ್ತದೆ. ಹಾಗೆ ಹಿಡಿದಾಗ, ಸರಪಳಿ ಸುತ್ತುವ ಉದ್ದನೆಯ ಪಟ್ಟಿಯ ತುದಿಯ ಮೇಲ್ಭಾಗ ಇನ್ನೊಂದು ಕೊಂಬೆಗೆ ತಾಗಿದರೆ ಗರಗಸ ಕ್ಷಣಾರ್ಧದಲ್ಲಿ ಮುಖದ ಕಡೆಗೆ ಚಿಮ್ಮುತ್ತದೆ. ನನ್ನ ಎಡ ಭುಜದ ಮೇಲಿನ ಗಾಯದ ಗುರುತು ಹಾಗೆಯೇ ಬಂದದ್ದು. ಎರಡೂ ಕೈ ಗರಗಸದ ಮೇಲಿರಲಿ, ಆ ಗರಗಸವನ್ನು ನೆಲದ ಮೇಲೆ ಬಳಸಲೇಬೇಡಿ.

ಸರಪಳಿಯ ಹಲ್ಲುಗಳಿಗೆ ಅರ ಹಾಕುವುದನ್ನು ಕೈಯಾರೆ ಕಲಿತುಕೊಳ್ಳಿ. ಸಣ್ಣ ಗರಗಸಗಳ ಬಹುಪಾಲು ಸರಪಳಿಗಳಿಗೆ 4 ಮಿಲಿಮೀಟರಿನ ದುಂಡು ಅರ ಹೊಂದುತ್ತದೆ. ಗರಗಸದಿಂದ ಮರದ ಚೂರುಗಳ ಬದಲು ನುಣ್ಣನೆಯ ಪುಡಿ ಬರತೊಡಗಿದರೆ ಹಲ್ಲು ಮೊಂಡಾಗಿದೆ ಎಂದು ತಿಳಿಯಬೇಕು. ಮೊಂಡಾದುದನ್ನು ಬಲವಂತವಾಗಿ ಒತ್ತುವವರೇ ಬೇಗ ದಣಿಯುತ್ತಾರೆ, ದಣಿದವರೇ ತಪ್ಪುತ್ತಾರೆ.

ಆರು ವರ್ಷಗಳಿಂದ ಸ್ವಂತ ತಂಡ ನಡೆಸುತ್ತಿರುವವರ ಉತ್ತರ

ಚಿಪ್ಪರ್ ವಿಷಯಕ್ಕೆ ನನ್ನ ಅನುಭವವನ್ನು ಸೇರಿಸುತ್ತೇನೆ. ನಾನು ನಿಮ್ಮ ಹಾಗೆಯೇ ಯೋಚಿಸಿ ಮೊದಲ ತಿಂಗಳಲ್ಲೇ ಸಾಲ ಮಾಡಿ ಚಿಪ್ಪರ್ ಕೊಂಡೆ. ಅದು ವಾರದಲ್ಲಿ ಎರಡು ದಿನ ಓಡುತ್ತಿತ್ತು, ಕಂತು ಮಾತ್ರ ಏಳೂ ದಿನ ನಡೆಯುತ್ತಿತ್ತು. ಆ ಕಂತನ್ನು ತೀರಿಸುವ ಒತ್ತಡದಲ್ಲಿ ಒಲ್ಲದ ಕೆಲಸಗಳನ್ನೂ, ನನ್ನ ಕೈಮೀರಿದ ದೊಡ್ಡ ಮರಗಳನ್ನೂ ಒಪ್ಪಿಕೊಂಡೆನೆಂಬುದೇ ಇಂದಿಗೂ ನನ್ನನ್ನು ಕಾಡುವ ಸಂಗತಿ. ಮೊದಲ ವರ್ಷ ಬಾಡಿಗೆಗೆ ತನ್ನಿ, ಅಥವಾ ಚಿಪ್ಪರ್ ಇರುವ ಇನ್ನೊಬ್ಬರೊಂದಿಗೆ ದಿನಗೂಲಿಯ ಲೆಕ್ಕದಲ್ಲಿ ಕೈಜೋಡಿಸಿ. ಮರದ ಕೂಳೆಯನ್ನು ನೆಲಮಟ್ಟದವರೆಗೆ ಅರೆಯುವ ಯಂತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಯಾವ ಯಂತ್ರವನ್ನು ತಿಂಗಳಿಗೆ ಎಷ್ಟು ದಿನ ತಂದಿರೆಂಬುದನ್ನು ಬರೆದಿಡುತ್ತ ಹೋದರೆ, ಯಾವುದನ್ನು ಯಾವಾಗ ಕೊಳ್ಳಬೇಕೆಂಬುದು ಆ ಪುಸ್ತಕದಿಂದಲೇ ತಿಳಿಯುತ್ತದೆ.

ಚಿಪ್ಪರ್ ನಡೆಯುತ್ತಿರುವಾಗ ಹಗ್ಗದ ಒಂದು ತುದಿಯೂ ಅದರ ಬಾಯಿಯ ಬಳಿ ಬಿದ್ದಿರಬಾರದು. ಕೊಂಬೆಯೊಡನೆ ಹಗ್ಗ ಒಳಸೇರಿದರೆ ಅದರ ಇನ್ನೊಂದು ತುದಿಯಲ್ಲಿರುವ ಮನುಷ್ಯನನ್ನು ಯಂತ್ರ ಎಳೆದುಕೊಳ್ಳುವ ವೇಗಕ್ಕೆ ಯಾರ ಕೈಯೂ ಸಮನಾಗದು.

ಕೆಲಸಕ್ಕೆ ಬೆಲೆ ಹೇಳುವ ಮುನ್ನ ಮರದ ತೂಕವನ್ನು ಅಂದಾಜು ಮಾಡುವುದನ್ನು ಕಲಿಯಿರಿ. ಹಸಿ ಮರದ ಒಂದು ಘನ ಮೀಟರ್, ಜಾತಿಯನ್ನು ಅವಲಂಬಿಸಿ, ಸಾಮಾನ್ಯವಾಗಿ 800ರಿಂದ 1000 ಕಿಲೋ ತೂಗುತ್ತದೆ. ಹೀಗಾಗಿ 40 ಸೆಂಟಿಮೀಟರ್ ಅಡ್ಡಳತೆಯ, ಒಂದೇ ಮೀಟರ್ ಉದ್ದದ ದಿಮ್ಮಿಯೂ 100ರಿಂದ 125 ಕಿಲೋ ಇರುತ್ತದೆ. ಅದನ್ನು ಮರದ ಮೇಲಿನ ರಾಟೆಯ ಮೂಲಕ ಹಗ್ಗದಲ್ಲಿ ಇಳಿಸುವಾಗ, ಅದು ಅಲುಗಾಡದೆ ನೇತಾಡುತ್ತಿದ್ದರೂ, ರಾಟೆಯನ್ನು ಕಟ್ಟಿದ ಜಾಗದ ಮೇಲೆ ಬೀಳುವ ಭಾರ ಸುಮಾರು ಎರಡರಷ್ಟು; ದಿಮ್ಮಿ ಸ್ವಲ್ಪ ಬಿದ್ದು ಜಗ್ಗಿದರೆ ಅದರ ಹಲವು ಪಟ್ಟು. ದೊಡ್ಡ ತುಂಡುಗಳನ್ನು ಕಟ್ಟಿ ಇಳಿಸುವ ಕೆಲಸವನ್ನು ಅನುಭವಿಯೊಬ್ಬರ ಪಕ್ಕದಲ್ಲಿ ನಿಂತು ಕಲಿಯುವವರೆಗೆ, ಕೆಳಗೆ ಮನೆಯ ಮಾಡು ಇರುವ ಮರಗಳನ್ನು ಬೇರೆಯವರಿಗೆ ಬಿಟ್ಟುಕೊಡಿ. ಹಾಗೆ ಬಿಟ್ಟುಕೊಟ್ಟವರ ಹೆಸರು ಕೆಡುವುದಿಲ್ಲ.

ಇತರರ ಆಸ್ತಿಗೆ ಅಥವಾ ದೇಹಕ್ಕೆ ಆಗುವ ಹಾನಿಗೆ ವಿಮೆ, ಸಹಾಯಕರಿದ್ದರೆ ಅವರಿಗೂ ಸೇರುವ ವಿಮೆ, ಇವು ಮೊದಲ ಕೆಲಸಕ್ಕೆ ಮುಂಚೆಯೇ ಇರಬೇಕು. ಅರ್ಜಿಯಲ್ಲಿ ‘ತೋಟದ ಕೆಲಸ’ ಎಂದಷ್ಟೇ ಬರೆಯಬೇಡಿ. ಎತ್ತರದಲ್ಲಿ ಚೈನ್‌ಸಾ ಬಳಸುತ್ತೀರೆಂಬುದು ಸ್ಪಷ್ಟವಾಗಿ ನಮೂದಾಗಿರಲಿ.

ಮರಗಳ ಆರೋಗ್ಯದ ಬಗ್ಗೆ ಹೆಚ್ಚು ಕೆಲಸ ಮಾಡಿದವರ ಉತ್ತರ

ಮೇಲಿನ ಇಬ್ಬರೂ ಸಲಕರಣೆಯ ಬಗ್ಗೆ ಬರೆದಿದ್ದಾರೆ. ನನ್ನ ಮಾತು ಗರಗಸವನ್ನು ಮರದ ಮೇಲೆ ಎಲ್ಲಿ ಇಡಬೇಕೆಂಬುದರ ಬಗ್ಗೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ನೋಡಿ, ಮರವು ಗಾಯವನ್ನು ನಮ್ಮ ಚರ್ಮದ ಹಾಗೆ ವಾಸಿಮಾಡಿಕೊಳ್ಳುವುದಿಲ್ಲ, ಕೊಳೆತವು ಹರಡದಂತೆ ಅದರ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ ಎಂಬುದನ್ನು 1977ರಲ್ಲಿ ಪ್ರಕಟಿಸಿದ ಬರಹದಲ್ಲಿ ವಿವರಿಸಿದರು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಸ್ವಲ್ಪ ಉಬ್ಬಿದ ಕೊರಳಿನಂಥ ಭಾಗವಿರುತ್ತದೆ. ಗೋಡೆ ಬಲವಾಗಿ ಏಳುವುದು ಅಲ್ಲಿಯೇ. ಕಾಂಡಕ್ಕೆ ಸಮನಾಗಿ ನುಣ್ಣಗೆ ಕೊಯ್ದರೆ ಆ ಕೊರಳೇ ಹೋಗುತ್ತದೆ. ಮೊಂಡು ಉಳಿಸಿದರೆ ಅದು ಸತ್ತು ಕೊಳೆತಕ್ಕೆ ದಾರಿಯಾಗುತ್ತದೆ. ಕೊರಳಿನ ಹೊರ ಅಂಚಿನಲ್ಲಿ ಕೊಯ್ಯಬೇಕು. ಭಾರವಾದ ಕೊಂಬೆಯಾದರೆ ಮೊದಲು ಸ್ವಲ್ಪ ದೂರದಲ್ಲಿ ಕೆಳಗಿನಿಂದ ಕಚ್ಚು ಹಾಕಿ, ಅದಕ್ಕಿಂತ ಹೊರಗೆ ಮೇಲಿನಿಂದ ಕೊಯ್ದು ಭಾರವನ್ನು ಇಳಿಸಿ, ಆಮೇಲೆ ಉಳಿದ ಮೊಂಡನ್ನು ಕೊರಳಿನ ಬಳಿ ತೆಗೆದರೆ ತೊಗಟೆ ಸೀಳಿ ಕೆಳಗಿಳಿಯುವುದಿಲ್ಲ. ಗಾಯಕ್ಕೆ ಬಣ್ಣ ಬಳಿಯುವುದರಿಂದ ಕೊಳೆತ ತಡೆಯುವುದಿಲ್ಲ.

ಮುಳ್ಳುಗಳಿರುವ ಕಬ್ಬಿಣದ ಕಾಲುಕೊಕ್ಕೆಗಳನ್ನು ಪೂರ್ತಿ ಕಡಿದುಹಾಕಲಿರುವ ಮರಕ್ಕೆ ಮಾತ್ರ ಬಳಸಿ. ಬದುಕಬೇಕಾದ ಮರದ ಮೇಲೆ ಅವುಗಳ ಒಂದೊಂದು ಹೆಜ್ಜೆಯೂ ಒಂದೊಂದು ಗಾಯ. ಮರದ ತಲೆಯನ್ನೇ ಕತ್ತರಿಸಿಕೊಡಿ ಎಂದು ಕೇಳುವವರು ನಿಮಗೆ ಬಹಳ ಮಂದಿ ಸಿಗುತ್ತಾರೆ. ಹಾಗೆ ಮಾಡಿದ ಮರ ಕೆಲವೇ ವರ್ಷಗಳಲ್ಲಿ ದುರ್ಬಲವಾಗಿ ಅಂಟಿಕೊಂಡ ಚಿಗುರುಗಳನ್ನು ದಟ್ಟವಾಗಿ ಬಿಟ್ಟು, ಮೊದಲಿಗಿಂತ ಹೆಚ್ಚು ಅಪಾಯಕಾರಿಯಾಗುತ್ತದೆ ಎಂಬುದನ್ನು ಅವರಿಗೆ ತಾಳ್ಮೆಯಿಂದ ತಿಳಿಸಿ. ಕೇಳಿದವರಲ್ಲಿ ಅನೇಕರು ಒಪ್ಪುತ್ತಾರೆ. ಒಪ್ಪದವರ ಕೆಲಸವನ್ನು ನಾನು ಬಿಟ್ಟಿದ್ದೇನೆ.

ಕೇಳಿದವರ ಮರುಪ್ರಶ್ನೆ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಚಿಪ್ಪರ್ ಖರೀದಿಯನ್ನು ಮುಂದೂಡಿದ್ದೇನೆ. ಇನ್ನೆರಡು ಸಂದೇಹಗಳಿವೆ. ಆರಂಭದಲ್ಲಿ ಸಹಾಯಕರ ಕೂಲಿ ಉಳಿಸಲು ಸಣ್ಣ ಮರಗಳನ್ನು ಒಬ್ಬನೇ ಮಾಡಬಹುದೇ? ಕೆಲಸ ಬಿಡುತ್ತಿರುವ ಪರಿಚಿತರೊಬ್ಬರು ತಮ್ಮ ಹಗ್ಗ ಮತ್ತು ಹಾರ್ನೆಸ್ ಅನ್ನು ಕಡಿಮೆ ಬೆಲೆಗೆ ಕೊಡುತ್ತೇನೆಂದಿದ್ದಾರೆ, ತೆಗೆದುಕೊಳ್ಳಬಹುದೇ?

ಮೊದಲು ಉತ್ತರಿಸಿದವರ ಮಾತು

ಒಬ್ಬರೇ ಮರ ಹತ್ತಬೇಡಿ, ಮರ ಎಷ್ಟೇ ಸಣ್ಣದಿರಲಿ. ಪ್ರಜ್ಞೆ ತಪ್ಪಿ ಹಾರ್ನೆಸ್‌ನಲ್ಲಿ ನೇತಾಡುವವರನ್ನು ಕೆಲವೇ ನಿಮಿಷಗಳಲ್ಲಿ ಇಳಿಸದಿದ್ದರೆ ಪ್ರಾಣಕ್ಕೆ ಅಪಾಯ, ಗರಗಸದ ಗಾಯವಾಗಿದ್ದರೆ ಸಮಯ ಇನ್ನೂ ಕಡಿಮೆ. ಕೆಳಗೆ ನಿಲ್ಲುವವರು ಫೋನ್ ಮಾಡಬಲ್ಲವರಾಗಿದ್ದರೆ ಸಾಲದು. ಎರಡನೆಯ ಹಗ್ಗ ಮತ್ತು ಹಾರ್ನೆಸ್ ತೊಟ್ಟು ಮೇಲೇರಿ ನಿಮ್ಮನ್ನು ಇಳಿಸುವ ತರಬೇತಿ ಪಡೆದವರಾಗಿರಬೇಕು. ಹೀಗಾಗಿ ನೀವು ಕೊಳ್ಳಬೇಕಾದ ಹತ್ತುವ ಸಲಕರಣೆ ಒಂದು ಜೊತೆಯಲ್ಲ, ಎರಡು ಜೊತೆ. ರಕ್ತಸ್ರಾವವನ್ನು ನಿಲ್ಲಿಸುವ ಬಿಗಿಪಟ್ಟಿಯೊಂದು ಹತ್ತುವವರ ಹಾರ್ನೆಸ್‌ನಲ್ಲೇ ಇರಲಿ, ಏಕೆಂದರೆ ವಾಹನದಲ್ಲಿರುವ ಪೆಟ್ಟಿಗೆಗೆ ಮರದ ಮೇಲಿನಿಂದ ಕೈ ಎಟುಕುವುದಿಲ್ಲ. ವಿದ್ಯುತ್ ತಂತಿಯ ಸಮೀಪದ ಮರವಾದರೆ ಇಬ್ಬರಿದ್ದರೂ ಮುಟ್ಟಬೇಡಿ. ಹಸಿ ಕೊಂಬೆಯೂ ವಿದ್ಯುತ್ತನ್ನು ಹರಿಸುತ್ತದೆ. ತಂತಿಯನ್ನು ನೋಡಿಕೊಳ್ಳುವ ಸಂಸ್ಥೆ ಸಂಪರ್ಕ ಕಡಿದ ನಂತರವೇ ಮುಂದಿನ ಮಾತು.

ಪರಿಚಿತರ ಹಗ್ಗ ಮತ್ತು ಹಾರ್ನೆಸ್ ಬೇಡ. ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಆ ಹಗ್ಗ ಎಷ್ಟು ಬಿಸಿಲು ಕಂಡಿದೆ, ಎಲ್ಲಿ ಎಣ್ಣೆ ತಾಗಿದೆ, ಎಷ್ಟು ಬಾರಿ ಜಗ್ಗಿದೆ ಎಂಬುದು ಹೊರಗಿನಿಂದ ಕಾಣಿಸದು. ಅವರ ಬಳಿ ಬೆಣೆಗಳು, ಕೈಗರಗಸ, ಇಂಧನದ ಡಬ್ಬಿಗಳಿದ್ದರೆ ಸಂತೋಷದಿಂದ ಕೊಳ್ಳಿ. ಅವರ ಚೈನ್‌ಸಾ ಕೂಡ ಒಳ್ಳೆಯದಿರಬಹುದು. ಅದನ್ನು ತಣ್ಣಗಿರುವಾಗ ಒಮ್ಮೆ, ಬಿಸಿಯಾದ ಮೇಲೆ ಒಮ್ಮೆ ನೀವೇ ಚಾಲೂ ಮಾಡಿ ನೋಡಿ, ಸರಪಳಿಯ ಬ್ರೇಕ್ ಹಾಕಿದ ಕೂಡಲೇ ಅದು ನಿಲ್ಲುತ್ತದೆಯೇ ಎಂದು ಪರೀಕ್ಷಿಸಿದ ಮೇಲೆ ಹಣ ಕೊಡಿ.