ಕ್ವೇಕ್ 3 ಆಟದಲ್ಲಿ ಹೊಳಪಿನ ಸ್ಲೈಡರ್ ಕೆಲಸ ಮಾಡುತ್ತಿಲ್ಲ, ಮೂಲೆಗಳೆಲ್ಲ ಕಗ್ಗತ್ತಲೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಹಾಕಿಕೊಂಡು, 1999ರ ಕ್ವೇಕ್ 3 ಅರೀನಾ ಆಟವನ್ನು ಐಒಕ್ವೇಕ್3 ಎಂಜಿನ್ ಮೂಲಕ ಆಡುತ್ತಿದ್ದೇನೆ. ಹಿಂದಿನ ಉಬುಂಟು ಆವೃತ್ತಿಯಲ್ಲಿ ಎಲ್ಲವೂ ಸರಿಯಾಗಿತ್ತು. ಹೊಸ ಆವೃತ್ತಿ ಹಾಕಿದ ಮೇಲೆ ಆಟದೊಳಗಿನ ಕಾರಿಡಾರ್‌ಗಳ ಮೂಲೆಗಳು ಪೂರ್ತಿ ಕಪ್ಪಾಗಿ ಕಾಣುತ್ತಿವೆ, ಎದುರಾಳಿ ಅಲ್ಲಿ ನಿಂತಿದ್ದರೂ ಅವನು ಗುಂಡು ಹಾರಿಸುವವರೆಗೆ ನನಗೆ ತಿಳಿಯುವುದಿಲ್ಲ. ಸೆಟಪ್ ಮೆನುವಿನ ಡಿಸ್‌ಪ್ಲೇ ಪುಟದಲ್ಲಿರುವ ಬ್ರೈಟ್‌ನೆಸ್ ಸ್ಲೈಡರ್ ಬೂದು ಬಣ್ಣಕ್ಕೆ ತಿರುಗಿದೆ, ಅದನ್ನು ಎಳೆಯಲು ಆಗುವುದೇ ಇಲ್ಲ. ಡೆಸ್ಕ್‌ಟಾಪ್, ಫೋಟೊ, ವಿಡಿಯೊ ಯಾವುದರಲ್ಲೂ ತೊಂದರೆಯಿಲ್ಲ, ಈ ಆಟದಲ್ಲಿ ಮಾತ್ರ ಹೀಗೆ. ದಯವಿಟ್ಟು ದಾರಿ ತೋರಿಸಿ.

ಮೊದಲ ಉತ್ತರ

ಲ್ಯಾಪ್‌ಟಾಪ್ ಪರದೆಯ ಹೊಳಪನ್ನು ನೂರಕ್ಕೆ ಏರಿಸಿ ನೋಡಿದಿರಾ? ನನ್ನಲ್ಲಿ ಅಷ್ಟಕ್ಕೇ ಸರಿಹೋಗಿತ್ತು.

ಪ್ರಶ್ನೆ ಕೇಳಿದವರು

ಏರಿಸಿ ನೋಡಿದೆ. ಕಪ್ಪಾಗಿದ್ದ ಜಾಗ ಬೂದಿಯ ಬಣ್ಣಕ್ಕೆ ತಿರುಗಿತೇ ಹೊರತು ಅಲ್ಲಿರುವ ಗೋಡೆ, ಮೆಟ್ಟಿಲು ಬೇರೆ ಬೇರೆಯಾಗಿ ಕಾಣಲಿಲ್ಲ. ಜೊತೆಗೆ ಅರ್ಧ ಗಂಟೆಯಲ್ಲಿ ಕಣ್ಣು ಉರಿಯತೊಡಗಿತು.

ಎರಡನೆಯ ಉತ್ತರ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಗಿದೆ. ಪರದೆಯ ಹೊಳಪು ಎಂದರೆ ಹಿಂದಿನ ದೀಪದ ಪ್ರಖರತೆ. ಅದನ್ನು ಏರಿಸಿದರೆ ಕಪ್ಪು, ಬಿಳಿ, ನಡುವಿನದು ಎಲ್ಲವೂ ಒಂದೇ ಪ್ರಮಾಣದಲ್ಲಿ ಮೇಲೇರುತ್ತವೆ. ನಿಮಗೆ ಬೇಕಾಗಿರುವುದು ಗಾಮಾ. ಅದು ಎರಡು ತುದಿಗಳನ್ನು ಹಾಗೆಯೇ ಬಿಟ್ಟು, ಮಧ್ಯದ ಛಾಯೆಗಳನ್ನಷ್ಟೇ ಎತ್ತುತ್ತದೆ.

ಲೆಕ್ಕದಲ್ಲಿ ಹೇಳಿದರೆ ಸುಲಭ. ಪ್ರತಿ ಬಣ್ಣಕ್ಕೂ 0ರಿಂದ 255ರವರೆಗೆ ಬೆಲೆಗಳಿವೆ. ಕ್ವೇಕ್ 3ರಲ್ಲಿ ಗಾಮಾವನ್ನು 1.3 ಎಂದು ಇಟ್ಟರೆ 30 ಇದ್ದದ್ದು ಸುಮಾರು 49 ಆಗುತ್ತದೆ, 200 ಇದ್ದದ್ದು ಸುಮಾರು 212 ಆಗುತ್ತದೆ, 0 ಮತ್ತು 255 ಮಾತ್ರ ಕದಲುವುದಿಲ್ಲ. ಅಂದರೆ ಕತ್ತಲೆಯ ಮೂಲೆಗೆ ಹೆಚ್ಚು ಪಾಲು, ಬೆಳಕಿನ ಜಾಗಕ್ಕೆ ಕಡಿಮೆ ಪಾಲು ಸಿಗುತ್ತದೆ. ಇದರ ಬದಲು ಎಲ್ಲ ಬೆಲೆಗಳಿಗೂ 20 ಕೂಡಿಸಿದರೆ 30 ಇದ್ದದ್ದು 50 ಆಗುವುದೇನೋ ನಿಜ, ಆದರೆ ಅಚ್ಚ ಕಪ್ಪು ಕೂಡ 20ಕ್ಕೆ ಏರಿ ಮಂಜು ಕವಿದಂತಾಗುತ್ತದೆ, 235ಕ್ಕಿಂತ ಮೇಲಿದ್ದುದೆಲ್ಲ 255ಕ್ಕೆ ಬಡಿದು ಒಂದೇ ಬಿಳಿಯಾಗುತ್ತದೆ. ಕೆಲವು ಟಿವಿಗಳಲ್ಲಿ ಬ್ರೈಟ್‌ನೆಸ್ ಎಂಬ ಹೆಸರಿನಲ್ಲಿ ನಡೆಯುವುದು ಈ ಎರಡನೆಯ ಕೆಲಸ. ಆಟದ ಮೆನುವಿನಲ್ಲಿ ಅದೇ ಹೆಸರಿನ ಸ್ಲೈಡರ್ ಮಾಡುವುದು ಗಾಮಾದ ಕೆಲಸ. ಒಂದೇ ಪದಕ್ಕೆ ಮೂರು ಅರ್ಥ ಅಂಟಿಕೊಂಡಿರುವುದರಿಂದಲೇ ಇಷ್ಟೊಂದು ಗೊಂದಲ.

ಈಗ ಸ್ಲೈಡರ್ ಏಕೆ ಬೂದಾಗಿದೆ ಎಂಬುದಕ್ಕೆ ಬರುತ್ತೇನೆ. ಆ ಕಾಲದ ಆಟಗಳು ಚಿತ್ರವನ್ನು ಬರೆದು ಮುಗಿಸಿದ ಮೇಲೆ, ಗ್ರಾಫಿಕ್ಸ್ ಕಾರ್ಡ್‌ನೊಳಗೆ 256 ಸಾಲುಗಳ ಒಂದು ಕೋಷ್ಟಕವನ್ನು ತಿದ್ದುತ್ತಿದ್ದವು. ಚಿತ್ರದ ಪ್ರತಿ ಬೆಲೆಯೂ ಪರದೆಗೆ ಹೋಗುವ ಕೊನೆಯ ಕ್ಷಣದಲ್ಲಿ ಆ ಕೋಷ್ಟಕದ ಮೂಲಕ ಬದಲಾಗುತ್ತಿತ್ತು. ಇದಕ್ಕೆ ಹಾರ್ಡ್‌ವೇರ್ ಗಾಮಾ ಎನ್ನುತ್ತಾರೆ. ಈ ಕೋಷ್ಟಕ ಆಟದ್ದಲ್ಲ, ಇಡೀ ಪರದೆಯದು. ಆದ್ದರಿಂದಲೇ ಹಿಂದೆ ಆಟ ನಡುವೆ ಕುಸಿದು ಬಿದ್ದರೆ ಡೆಸ್ಕ್‌ಟಾಪ್ ಕೂಡ ಬಿಳಚಿಕೊಂಡೇ ಉಳಿಯುತ್ತಿತ್ತು. ಕ್ವೇಕ್ 3ರ ವಿಂಡೋಸ್ ಆವೃತ್ತಿಯ ಮೂಲ ಕೋಡ್‌ನಲ್ಲಿ, ಹಿಂದಿನ ಸಲ ಕುಸಿದು ಕೆಟ್ಟುಹೋದ ಕೋಷ್ಟಕ ಕಂಡರೆ ಅದನ್ನು ಗುರುತಿಸಿ, ಆಟ ಮುಗಿದಾಗ ಸರಳ ರೇಖೆಗೆ ಮರಳಿಸುವ ಒಂದು ತುಣುಕೇ ಇದೆ ಎಂದರೆ ಆ ತೊಂದರೆ ಎಷ್ಟು ಸಾಮಾನ್ಯವಾಗಿತ್ತು ಎಂದು ಊಹಿಸಬಹುದು.

ನಿಮ್ಮ ಹೊಸ ಉಬುಂಟು ವೇಲ್ಯಾಂಡ್ ಮೇಲೆ, ಅಂದರೆ ಪ್ರೋಗ್ರಾಂಗಳ ಚಿತ್ರವನ್ನು ಪರದೆಗೆ ತಲುಪಿಸುವ ಹೊಸ ವ್ಯವಸ್ಥೆಯ ಮೇಲೆ, ನಡೆಯುತ್ತಿರಬೇಕು. 21.04ರಿಂದ ಬಹುತೇಕ ಯಂತ್ರಗಳಲ್ಲಿ ಅದೇ ಪೂರ್ವನಿಯೋಜಿತ. ವೇಲ್ಯಾಂಡ್‌ನಲ್ಲಿ ಸಾಮಾನ್ಯ ಪ್ರೋಗ್ರಾಂ ಇಡೀ ಪರದೆಯ ಕೋಷ್ಟಕವನ್ನು ಮುಟ್ಟುವಂತಿಲ್ಲ. ಎಂಜಿನ್ ಪ್ರಯತ್ನಿಸಿ ಸೋತಾಗ ಹಾರ್ಡ್‌ವೇರ್ ಗಾಮಾ ಇಲ್ಲವೆಂದು ಗುರುತು ಹಾಕಿಕೊಳ್ಳುತ್ತದೆ, ಮೆನು ಆ ಗುರುತನ್ನು ನೋಡಿ ಸ್ಲೈಡರ್ ಅನ್ನು ಬೂದಾಗಿಸುತ್ತದೆ. ಖಚಿತಪಡಿಸಿಕೊಳ್ಳಲು ಟಿಲ್ಡೆ ಕೀಲಿ ಒತ್ತಿ ಕನ್ಸೋಲ್ ತೆರೆದು ಜಿಎಫ್‌ಎಕ್ಸ್‌ಇನ್ಫೊ ಎಂಬ ಆದೇಶ ಕೊಡಿ. (ಇಲ್ಲಿ ಕನ್ನಡದಲ್ಲಿ ಬರೆದ ಆದೇಶಗಳನ್ನು ನೀವು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು.) ಬರುವ ಪಟ್ಟಿಯಲ್ಲಿ ಗಾಮಾ ಎಂದಿರುವ ಸಾಲಿನಲ್ಲಿ ಹಾರ್ಡ್‌ವೇರ್ ಎಂದಿದೆಯೋ ಸಾಫ್ಟ್‌ವೇರ್ ಎಂದಿದೆಯೋ ತಿಳಿಸಿ. ಅದು ತಿಳಿಯುವ ಮುನ್ನ ಬೇರೇನನ್ನೂ ಬದಲಾಯಿಸಬೇಡಿ, ಹೊಳಪನ್ನು ಮಾತ್ರ ಮೊದಲಿದ್ದಲ್ಲಿಗೆ ಇಳಿಸಿ.

ಪ್ರಶ್ನೆ ಕೇಳಿದವರು

ಸಾಫ್ಟ್‌ವೇರ್ ಎಂದಿದೆ, ಅದರ ಮುಂದೆ 0 ಓವರ್‌ಬ್ರೈಟ್ ಬಿಟ್ಸ್ ಎಂದೂ ಇದೆ. ಕನ್ಸೋಲ್‌ನಲ್ಲಿ ಆರ್_ಗಾಮಾ 1.5 ಎಂದು ನಾನೇ ಕೊಟ್ಟು ನೋಡಿದೆ, ಆದರೆ ಎಳ್ಳಷ್ಟೂ ಬದಲಾಗಲಿಲ್ಲ.

ಎರಡನೆಯ ಉತ್ತರ ನೀಡಿದವರು

ಬೇಡವೆಂದರೂ ಮುಟ್ಟಿದ್ದೀರಿ, ಇರಲಿ. ಬದಲಾಗದಿರುವುದಕ್ಕೆ ಕಾರಣವಿದೆ. ಸಾಫ್ಟ್‌ವೇರ್ ವಿಧಾನದಲ್ಲಿ ಎಂಜಿನ್ ಗಾಮಾವನ್ನು ಪರದೆಗೆ ಹಚ್ಚುವುದಿಲ್ಲ, ಗೋಡೆ ನೆಲಗಳ ಚಿತ್ರಗಳನ್ನು ಮೆಮೊರಿಗೆ ತುಂಬುವಾಗಲೇ ಅವುಗಳ ಬೆಲೆಗಳನ್ನು ತಿದ್ದಿ ತುಂಬುತ್ತದೆ. ಒಮ್ಮೆ ತುಂಬಿದ ಮೇಲೆ ಅಂಕಿ ಬದಲಾಯಿಸಿದರೆ ಏನೂ ಆಗದು, ಚಿತ್ರಗಳನ್ನು ಮತ್ತೆ ತುಂಬಿಸಬೇಕು. ಆದ್ದರಿಂದ ಆರ್_ಗಾಮಾ 1.3 ಎಂದು ಕೊಟ್ಟು, ಅದರ ಬೆನ್ನಿಗೇ ವಿಡ್_ರೀಸ್ಟಾರ್ಟ್ ಎಂದು ಕೊಡಿ. ಎಂಜಿನ್ 0.5ರಿಂದ 3ರವರೆಗಿನ ಅಂಕಿಗಳನ್ನಷ್ಟೇ ಒಪ್ಪುತ್ತದೆ. ನನ್ನ ಅಭಿಪ್ರಾಯದಲ್ಲಿ 1.5 ದಾಟಿದರೆ ಬಣ್ಣಗಳು ಸೀಮೆಸುಣ್ಣ ಬಳಿದಂತೆ ಕಾಣುತ್ತವೆ.

ಆ 0 ಓವರ್‌ಬ್ರೈಟ್ ಬಿಟ್ಸ್ ಕೂಡ ಇದರ ಜೊತೆಗೇ ಬರುವಂಥದ್ದು. ಹಾರ್ಡ್‌ವೇರ್ ಗಾಮಾ ಇದ್ದಾಗ ಎಂಜಿನ್ ಚಿತ್ರವನ್ನು ಬೇಕೆಂದೇ ಅರ್ಧ ಬೆಳಕಿನಲ್ಲಿ ಬರೆದು, ಕೋಷ್ಟಕದಲ್ಲಿ ಎರಡು ಪಟ್ಟು ಮಾಡುತ್ತಿತ್ತು. ಇದರಿಂದ ದೀಪಗಳ ಹತ್ತಿರದ ಗೋಡೆಗಳಿಗೆ ಹೆಚ್ಚುವರಿ ಕಾಂತಿ ಸಿಗುತ್ತಿತ್ತು. ಕೋಷ್ಟಕ ಕೈಗೆ ಸಿಗದಾಗ ಅಥವಾ ಆಟವನ್ನು ಪೂರ್ಣ ಪರದೆಯ ಬದಲು ಕಿಟಕಿಯೊಳಗೆ ಆಡುವಾಗ ಆ ಉಪಾಯವನ್ನು ಅದು ಕೈಬಿಡುತ್ತದೆ. ಹಾಗಾಗಿ ಗಾಮಾ ಸರಿಪಡಿಸಿದ ಮೇಲೂ ಚಿತ್ರ ಹಿಂದಿನಂತೆಯೇ ಕಾಣಲಿಲ್ಲವೆಂದು ಬೇಸರಿಸಬೇಡಿ. ಮೂಲೆಗಳು ಇನ್ನೂ ಕಪ್ಪಾಗಿದ್ದರೆ ಆಟದ ನಕ್ಷೆಯ ಬೆಳಕನ್ನು ಹೆಚ್ಚಿಸುವ ಆರ್_ಮ್ಯಾಪ್‌ಓವರ್‌ಬ್ರೈಟ್‌ಬಿಟ್ಸ್ ಎಂಬುದನ್ನು 2ರಿಂದ 3ಕ್ಕೆ ಏರಿಸಿ, ಮತ್ತೆ ವಿಡ್_ರೀಸ್ಟಾರ್ಟ್ ಕೊಡಿ. ಆಟ ಮುಚ್ಚಿ ಮತ್ತೆ ತೆರೆದರೂ ಆರ್_ಗಾಮಾ ತಾನಾಗಿಯೇ ಉಳಿಯುತ್ತದೆ, ಇದು ಉಳಿಯುವುದಿಲ್ಲ. ಬೇಸ್‌ಕ್ಯು3 ಫೋಲ್ಡರ್‌ನಲ್ಲಿ ಆಟೊಎಕ್ಸೆಕ್ ಹೆಸರಿನ ಸಿಎಫ್‌ಜಿ ಕಡತ (ಆಟ ಶುರುವಾಗುವಾಗ ತಾನಾಗಿಯೇ ಓದುವ ಆದೇಶಗಳ ಪಟ್ಟಿ) ಮಾಡಿ, ಈ ಸಾಲನ್ನು ಅದರಲ್ಲಿ ಬರೆದಿಡಿ.

ಮೂರನೆಯ ಉತ್ತರ

ಲಾಗಿನ್ ಪರದೆಯಲ್ಲಿ ವೇಲ್ಯಾಂಡ್ ಬದಲು ಹಳೆಯ ವ್ಯವಸ್ಥೆಯಾದ ಎಕ್ಸ್‌ಆರ್ಗ್ ಆಯ್ದುಕೊಂಡು, ಆಟಕ್ಕೆ ಮುಂಚೆ ಟರ್ಮಿನಲ್‌ನಲ್ಲಿ ಎಕ್ಸ್‌ಗಾಮಾ ಆದೇಶದಿಂದ 1.3 ಕೊಟ್ಟು, ಆಟ ಮುಗಿದ ಮೇಲೆ 1 ಕೊಟ್ಟರೆ ಆಗುವುದಿಲ್ಲವೇ? ನಾನು ವರ್ಷಗಳಿಂದ ಹಾಗೆಯೇ ಮಾಡುತ್ತಿದ್ದೇನೆ.

ಎರಡನೆಯ ಉತ್ತರ ನೀಡಿದವರು

ಎಕ್ಸ್‌ಆರ್ಗ್ ಇರುವವರೆಗೆ ಖಂಡಿತ ಆಗುತ್ತದೆ. ಆದರೆ ಉಬುಂಟು 25.10ರಿಂದ ಅದರ ಮಾಮೂಲಿ ಡೆಸ್ಕ್‌ಟಾಪ್ ಆದ ಗ್ನೋಮ್‌ನಲ್ಲಿ ಆ ಆಯ್ಕೆಯನ್ನೇ ತೆಗೆದುಹಾಕಿದ್ದಾರೆ. ಆಟದೊಳಗೇ ಸರಿಪಡಿಸಿಕೊಂಡರೆ ಮುಂದೆ ಮತ್ತೆ ಇದೇ ಪ್ರಶ್ನೆ ಕೇಳುವ ಅಗತ್ಯ ಬೀಳುವುದಿಲ್ಲ.

ಪ್ರಶ್ನೆ ಕೇಳಿದವರು

1.3 ಸಾಕಾಯಿತು. ಮೆಟ್ಟಿಲುಗಳು ಒಂದೊಂದಾಗಿ ಕಾಣುತ್ತಿವೆ, ಲ್ಯಾಪ್‌ಟಾಪ್‌ನ ಹೊಳಪು ಅರ್ಧದಲ್ಲಿಯೇ ಇದೆ. ಆದರೆ ಅದೇ ಲ್ಯಾಪ್‌ಟಾಪ್ ಅನ್ನು ಎಚ್‌ಡಿಎಂಐ ತಂತಿಯಿಂದ ಹಾಲ್‌ನಲ್ಲಿರುವ ಟಿವಿಗೆ ಜೋಡಿಸಿದರೆ ಮತ್ತೆ ಮೂಲೆಗಳು ಕಪ್ಪಾಗುತ್ತವೆ, ಮೋಡ, ಬೆಂಕಿ ಮುಂತಾದವು ಅಚ್ಚ ಬಿಳಿಯಾಗಿ ಕಾಣುತ್ತವೆ. ಗಾಮಾವನ್ನು ಇನ್ನೂ ಏರಿಸಲೇ?

ಎರಡನೆಯ ಉತ್ತರ ನೀಡಿದವರು

ಏರಿಸಬೇಡಿ. ಎರಡು ತುದಿಗಳೂ ಒಟ್ಟಿಗೆ ಕೆಟ್ಟಿವೆ ಎಂಬುದೇ ಸುಳಿವು, ಗಾಮಾ ದೋಷದಲ್ಲಿ ತುದಿಗಳು ಕೆಡುವುದಿಲ್ಲ. ಟಿವಿಗಳು ವಿಡಿಯೊಗಾಗಿ 16ನ್ನು ಕಪ್ಪು ಎಂದೂ 235ನ್ನು ಬಿಳಿ ಎಂದೂ ಓದುವ ರೂಢಿಯಿದೆ. ನಿಮ್ಮ ಲ್ಯಾಪ್‌ಟಾಪ್ 0ರಿಂದ 255ರವರೆಗೆ ಕಳುಹಿಸುತ್ತಿದ್ದು ಟಿವಿ ಹಳೆಯ ರೂಢಿಯಲ್ಲಿ ಓದಿದರೆ, 16ಕ್ಕಿಂತ ಕೆಳಗಿನದೆಲ್ಲ ಕಪ್ಪಿನಲ್ಲಿ ಮುಳುಗುತ್ತದೆ, 235ಕ್ಕಿಂತ ಮೇಲಿನದೆಲ್ಲ ಬಿಳಿಯಲ್ಲಿ ಕರಗುತ್ತದೆ. ಗಾಮಾ ಏರಿಸಿದರೆ ಕೆಳಗಿನದು ಸ್ವಲ್ಪ ಮೇಲೆ ಬಂದಂತೆ ಕಾಣುತ್ತದೆ, ಆದರೆ ಮೇಲೆ ಇನ್ನಷ್ಟು ಛಾಯೆಗಳು 235ನ್ನು ದಾಟಿ ಕಳೆದುಹೋಗುತ್ತವೆ.

ಟಿವಿಯ ಚಿತ್ರದ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಅಥವಾ ಆರ್‌ಜಿಬಿ ರೇಂಜ್ ಎಂಬ ಹೆಸರಿನ ಆಯ್ಕೆ ಹುಡುಕಿ, ಪೂರ್ಣ ವ್ಯಾಪ್ತಿಗೆ ಬದಲಾಯಿಸಿ. ಒಂದೊಂದು ಕಂಪನಿಯವರು ಒಂದೊಂದು ಹೆಸರಿಡುತ್ತಾರೆ. ಕೆಲವು ಟಿವಿಗಳಲ್ಲಿ ಆ ಇನ್‌ಪುಟ್‌ಗೆ ಪಿಸಿ ಎಂದು ಹೆಸರು ಕೊಟ್ಟ ಕೂಡಲೇ ತಾನಾಗಿಯೇ ಬದಲಾಗುತ್ತದೆ.

ಪ್ರಶ್ನೆ ಕೇಳಿದವರು

ಇನ್‌ಪುಟ್‌ಗೆ ಪಿಸಿ ಎಂದು ಹೆಸರಿಟ್ಟೆ, ಬೆಂಕಿಯೊಳಗಿನ ಹಳದಿ ಮರಳಿ ಬಂತು. ಗಾಮಾ 1.3 ಟಿವಿಗೆ ತುಸು ಹೆಚ್ಚೆನಿಸಿದ್ದರಿಂದ ಅಲ್ಲಿ ಆಡುವಾಗ 1.15 ಇಟ್ಟುಕೊಳ್ಳುತ್ತಿದ್ದೇನೆ. ಎರಡಕ್ಕೂ ಒಂದೊಂದು ಸಿಎಫ್‌ಜಿ ಕಡತ ಮಾಡಿ, ಕೊನೆಯ ಸಾಲಿನಲ್ಲಿ ವಿಡ್_ರೀಸ್ಟಾರ್ಟ್ ಬರೆದಿದ್ದೇನೆ, ಕನ್ಸೋಲ್‌ನಲ್ಲಿ ಎಕ್ಸೆಕ್ ಎಂದು ಕೊಟ್ಟರೆ ಸಾಕಾಗುತ್ತದೆ. ಮ್ಯಾಪ್‌ಓವರ್‌ಬ್ರೈಟ್‌ಬಿಟ್ಸ್ ಮುಟ್ಟುವ ಅಗತ್ಯ ಬೀಳಲಿಲ್ಲ. ಸಮಸ್ಯೆ ಬಗೆಹರಿದಿದೆ ಎಂದು ಗುರುತು ಹಾಕುತ್ತಿದ್ದೇನೆ.