ರೆಟ್ರೋಆರ್ಚ್‌ನಲ್ಲಿ ಕೋರ್ ಇಳಿಯುತ್ತಿಲ್ಲ: ಲಿನಕ್ಸ್ ಬಳಸುವವರ ಅನುಭವ ಬೇಕಾಗಿದೆ

ಪ್ರಶ್ನೆ

ಉಬುಂಟುವಿನಲ್ಲಿ ಆಪ್ಟ್ (ಸಾಫ್ಟ್‌ವೇರ್ ಹಾಕುವ, ತೆಗೆಯುವ ಸಾಧನ) ಮೂಲಕ, ಹಳೆಯ ಗೇಮ್ ಯಂತ್ರಗಳ ಆಟ ಆಡಿಸುವ ರೆಟ್ರೋಆರ್ಚ್ ಹಾಕಿಕೊಂಡಿದ್ದೇನೆ. ವಿಂಡೋಸ್‌ನಲ್ಲಿ ‘ಆನ್‌ಲೈನ್ ಅಪ್‌ಡೇಟರ್’ ಒಳಗೆ ಇರುತ್ತಿದ್ದ ‘ಕೋರ್ ಡೌನ್‌ಲೋಡರ್’ (ಆಟ ನಡೆಸುವ ಕೋರ್ ಫೈಲ್‌ಗಳನ್ನು ಇಳಿಸುವ ಮೆನು) ಇಲ್ಲಿ ಇರಲೇ ಇಲ್ಲ. ಯಾರೋ ಹೇಳಿದಂತೆ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲ್‌ನಲ್ಲಿ ಅದನ್ನು ಕಾಣಿಸುವಂತೆ ಮಾಡಿದ ಮೇಲೆ ಪಟ್ಟಿಯೇನೋ ಬರುತ್ತಿದೆ, ಆದರೆ ಯಾವ ಕೋರ್ ಆರಿಸಿದರೂ ಕೊನೆಗೆ ಅದು ಎಲ್ಲಿಯೂ ಉಳಿಯುವುದಿಲ್ಲ. ಸುಡೋ ಹಾಕಿ, ಅಂದರೆ ರೂಟ್ (ಸಿಸ್ಟಂನ ಪೂರ್ಣಾಧಿಕಾರವಿರುವ ಬಳಕೆದಾರ) ಆಗಿ ನಡೆಸಬೇಕೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ

ಸುಡೋ ಖಂಡಿತ ಬೇಡಿ ಸರ್. ರೂಟ್ ಆಗಿ ನಡೆಸಿದರೆ ರೆಟ್ರೋಆರ್ಚ್ ರೂಟ್‌ನ ಬೇರೆಯದೇ ಕಾನ್ಫಿಗ್ ಓದತೊಡಗುತ್ತದೆ, ಅಥವಾ ನಿಮ್ಮ ಸ್ವಂತ ಹೋಮ್ ಫೋಲ್ಡರ್‌ನಲ್ಲಿರುವ ಫೈಲ್‌ಗಳ ಒಡೆತನ ರೂಟ್‌ಗೆ ಹೋಗಿ ಮುಂದೆ ಇನ್ನೊಂದು ತಲೆನೋವಾಗುತ್ತದೆ.

ರೆಟ್ರೋಆರ್ಚ್ ತಾನಾಗಿ ಯಾವ ಆಟವನ್ನೂ ನಡೆಸುವುದಿಲ್ಲ. ಆ ಕೆಲಸ ಮಾಡುವುದು ಕೋರ್‌ಗಳು, ಅಂದರೆ ಲಿನಕ್ಸ್‌ನಲ್ಲಿ ‘ಡಾಟ್ ಎಸ್‌ಒ’ ಎಂದು ಕೊನೆಗೊಳ್ಳುವ ಲೈಬ್ರರಿ ಫೈಲ್‌ಗಳು. ಡೆಬಿಯನ್ ಮತ್ತು ಉಬುಂಟು ಪ್ಯಾಕೇಜ್‌ಗಳಲ್ಲಿ ಕೋರ್ ಫೋಲ್ಡರ್ ಸಿಸ್ಟಂನ ‘ಯುಎಸ್‌ಆರ್’ ಕೆಳಗಿನ ‘ಲಿಬ್’ ಒಳಗಿರುತ್ತದೆ. ಟರ್ಮಿನಲ್‌ನಲ್ಲಿ ಆ ಫೋಲ್ಡರ್‌ನ ವಿವರ ತೆಗೆದು ನೋಡಿದರೆ ಮಾಲೀಕರ ಜಾಗದಲ್ಲೂ ಗುಂಪಿನ ಜಾಗದಲ್ಲೂ ‘ರೂಟ್’ ಎಂದೇ ಇರುತ್ತದೆ, ಉಳಿದವರಿಗೆ ಬರೆಯುವ ಅನುಮತಿ ಇರುವುದಿಲ್ಲ. ಅಲ್ಲಿನ ಕೋರ್‌ಗಳನ್ನು ಹಾಕುವುದೂ ತೆಗೆಯುವುದೂ ಆಪ್ಟ್‌ನ ಕೆಲಸವೆಂದು ಭಾವಿಸಿಯೇ ಪ್ಯಾಕೇಜ್ ಮಾಡಿದವರು ಡೌನ್‌ಲೋಡರ್ ಅನ್ನು ಮರೆಮಾಡಿರುತ್ತಾರೆ. ನೀವು ಬಾಗಿಲು ತೆರೆದಿದ್ದೀರಿ, ಆದರೆ ಇಳಿದ ಸಾಮಾನು ಇಡುವ ಕೋಣೆ ಇನ್ನೂ ಬೀಗದಲ್ಲೇ ಇದೆ.

ಆದ್ದರಿಂದ ಹೋಮ್‌ನಲ್ಲಿರುವ ‘ಡಾಟ್ ಕಾನ್ಫಿಗ್’ ಫೋಲ್ಡರ್‌ನ ‘ರೆಟ್ರೋಆರ್ಚ್’ ಒಳಗೆ ‘ಕೋರ್ಸ್’ ಎಂಬ ಫೋಲ್ಡರ್ ಮಾಡಿ, ಕಾನ್ಫಿಗ್ ಫೈಲ್‌ನಲ್ಲಿ ‘ಲಿಬ್‌ರೆಟ್ರೋ ಡೈರೆಕ್ಟರಿ’ ಎಂಬ ಸಾಲು ಅದನ್ನು ತೋರಿಸುವಂತೆ ಬದಲಿಸಿ. ಮೆನುವಿನ ಸೆಟ್ಟಿಂಗ್ಸ್‌ನಲ್ಲಿರುವ ಡೈರೆಕ್ಟರಿ ವಿಭಾಗದಿಂದಲೂ ಇದನ್ನು ಮಾಡಬಹುದು. ಫೈಲ್ ಅನ್ನೇ ತಿದ್ದುವುದಾದರೆ ರೆಟ್ರೋಆರ್ಚ್ ಮುಚ್ಚಿರಬೇಕು, ಏಕೆಂದರೆ ಅದು ಮುಚ್ಚುವಾಗ ತನ್ನ ನೆನಪಿನಲ್ಲಿರುವ ಹಳೆಯ ಸೆಟ್ಟಿಂಗ್‌ಗಳನ್ನು ಫೈಲ್‌ನ ಮೇಲೆ ಮತ್ತೆ ಬರೆದು ನಿಮ್ಮ ತಿದ್ದುಪಡಿಯನ್ನು ಅಳಿಸಿಹಾಕುತ್ತದೆ. ಹಾಗೆಯೇ ‘ಇಟಿಸಿ’ ಫೋಲ್ಡರ್‌ನಲ್ಲಿರುವ ಪ್ರತಿಯನ್ನು ತಿದ್ದಿ ಕಾಯುತ್ತ ಕೂರಬೇಡಿ. ಮೊದಲ ಸಲ ತೆರೆದಾಗ ಅದರ ನಕಲು ನಿಮ್ಮ ಹೋಮ್‌ಗೆ ಬಂದಿರುತ್ತದೆ, ಆಮೇಲೆ ಲೆಕ್ಕಕ್ಕೆ ಬರುವುದು ಆ ನಕಲು ಮಾತ್ರ.

ಎರಡನೆಯ ಉತ್ತರ

ಮೇಲಿನ ಮಾತು ಸರಿ, ಆದರೆ ಡೌನ್‌ಲೋಡರ್ ನಿಜವಾಗಿಯೂ ಬೇಕೇ ಎಂದು ಮೊದಲು ಯೋಚಿಸಿ. ನೆಸ್ಟೋಪಿಯಾ, ಎಂಜಿಬಿಎ, ಗ್ಯಾಂಬಾಟೆ ಮುಂತಾದ ಕೋರ್‌ಗಳು ‘ಲಿಬ್‌ರೆಟ್ರೋ’ ಎಂದು ಆರಂಭವಾಗುವ ಹೆಸರಿನಲ್ಲಿ ಆಪ್ಟ್‌ನಲ್ಲೇ ಸಿಗುತ್ತವೆ, ಸಿಸ್ಟಂ ಜೊತೆಗೇ ಅಪ್‌ಡೇಟ್ ಆಗುತ್ತವೆ. ಡೆಬಿಯನ್‌ನಲ್ಲಿ ಎಸ್‌ನೆಸ್‌9ಎಕ್ಸ್ ಎಂಬ ಕೋರ್ ಸಿಗಲಿಲ್ಲವೆಂದರೆ ಅದು ದೋಷವಲ್ಲ. ವಾಣಿಜ್ಯ ಬಳಕೆಯನ್ನು ತಡೆಯುವ ಪರವಾನಗಿ ಇರುವುದರಿಂದ ಅದನ್ನು ‘ನಾನ್-ಫ್ರೀ’ ವಿಭಾಗದಲ್ಲಿ ಇಟ್ಟಿದ್ದಾರೆ, ಆ ವಿಭಾಗವನ್ನು ಸೇರಿಸಿಕೊಂಡರೆ ಕಾಣಿಸುತ್ತದೆ. ಒಂದೆರಡು ಹಳೆಯ ಯಂತ್ರಗಳ ಆಟ ಸಾಕು ಎನ್ನುವವರಿಗೆ ಇದಕ್ಕಿಂತ ನೆಮ್ಮದಿಯ ದಾರಿ ಇನ್ನೊಂದಿಲ್ಲ.

ಮೂರನೆಯ ಉತ್ತರ

ನಾನು ರೆಟ್ರೋಆರ್ಚ್‌ನ ಫ್ಲಾಟ್‌ಪ್ಯಾಕ್ (ಸಿಸ್ಟಂನಿಂದ ಪ್ರತ್ಯೇಕವಾಗಿ ನಡೆಯುವ ಪ್ಯಾಕೇಜ್) ಬಳಸುತ್ತೇನೆ. ಅದರಲ್ಲಿ ಡೌನ್‌ಲೋಡರ್ ಮೊದಲೇ ತೆರೆದಿರುತ್ತದೆ, ಕೋರ್‌ಗಳು ಹೋಮ್‌ನ ‘ಡಾಟ್ ವಾರ್’ ಒಳಗಿನ ಅದರದೇ ಫೋಲ್ಡರ್‌ಗೆ ಇಳಿಯುತ್ತವೆ, ಒಡೆತನದ ತಕರಾರು ಬರುವುದಿಲ್ಲ. ಒಂದೇ ಕಂಪ್ಯೂಟರ್‌ನಲ್ಲಿ ಆಪ್ಟ್‌ನದೂ ಫ್ಲಾಟ್‌ಪ್ಯಾಕ್‌ನದೂ ಇದ್ದರೆ ಮಾತ್ರ ಗೊಂದಲ ಶುರುವಾಗುತ್ತದೆ: ಎರಡರ ಕಾನ್ಫಿಗ್ ಬೇರೆ, ಕೋರ್ ಫೋಲ್ಡರ್ ಬೇರೆ, ಒಂದರಲ್ಲಿ ಇಳಿಸಿದ್ದು ಇನ್ನೊಂದರಲ್ಲಿ ಕಾಣುವುದಿಲ್ಲ. ಪ್ಲೇಲಿಸ್ಟ್‌ನಲ್ಲಿ ಕೋರ್‌ನ ಪೂರ್ತಿ ವಿಳಾಸ ದಾಖಲಾಗಿರುವುದರಿಂದ, ಹಳೆಯದನ್ನು ತೆಗೆದುಹಾಕಿದ ಮೇಲೆ ಅದೇ ಪ್ಲೇಲಿಸ್ಟ್ ತಂದು ಹಾಕಿಕೊಂಡರೆ ಆಟ ತೆರೆಯದೆಯೂ ಇರಬಹುದು. ಯಾವುದಾದರೂ ಒಂದನ್ನು ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ 2021ರಿಂದ ಸಿಗುತ್ತಿರುವ ಆವೃತ್ತಿಯ ಕಥೆಯೇ ಬೇರೆ. ಅಲ್ಲಿ ಕೋರ್‌ಗಳನ್ನು ಡಿಎಲ್‌ಸಿಗಳಾಗಿ (ಹೆಚ್ಚುವರಿ ಭಾಗಗಳಾಗಿ) ಸ್ಟೀಮ್‌ನಿಂದಲೇ ಪಡೆಯಬೇಕು, ಹಾಗಾಗಿ ಈ ಡೌನ್‌ಲೋಡರ್ ಅನ್ನು ಅಲ್ಲಿ ಹುಡುಕಿ ಫಲವಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಫೋಲ್ಡರ್ ಬದಲಿಸಿದ ಕೂಡಲೇ ಕೋರ್ ಇಳಿಯಿತು. ಆದರೆ ಎರಡು ಸಂಗತಿ ಉಳಿದಿವೆ: ಮೊದಲು ಆಪ್ಟ್‌ನಿಂದ ಹಾಕಿದ್ದ ನೆಸ್ಟೋಪಿಯಾ ಪಟ್ಟಿಯಿಂದ ಮಾಯವಾಗಿದೆ, ಹೊಸದಾಗಿ ಇಳಿದ ಒಂದು ಕೋರ್ ತೆರೆಯುವುದೇ ಇಲ್ಲ. ಅದರ ಹೆಸರೂ ಬರಿಯ ಫೈಲ್ ಹೆಸರಾಗಿ ಕಾಣುತ್ತಿದೆ.

ಮೊದಲು ಉತ್ತರಿಸಿದವರು

ನೆಸ್ಟೋಪಿಯಾ ಎಲ್ಲಿಗೂ ಹೋಗಿಲ್ಲ. ರೆಟ್ರೋಆರ್ಚ್ ಒಂದು ಸಲಕ್ಕೆ ಒಂದೇ ಕೋರ್ ಫೋಲ್ಡರ್ ನೋಡುತ್ತದೆ. ಹೊಸ ಫೋಲ್ಡರ್‌ಗೆ ಅದನ್ನೂ ಡೌನ್‌ಲೋಡರ್‌ನಿಂದ ಇಳಿಸಿಕೊಂಡರಾಯಿತು. ಹೆಸರಿನ ವಿಷಯಕ್ಕೆ ಬಂದರೆ, ಕೋರ್‌ನ ಪೂರ್ಣ ಹೆಸರು, ಅದು ತೆರೆಯುವ ಫೈಲ್‌ಗಳ ಬಗೆ ಇವೆಲ್ಲ ‘ಇನ್ಫೋ’ ಫೈಲ್‌ಗಳಲ್ಲಿರುತ್ತವೆ, ಅವುಗಳ ಫೋಲ್ಡರ್ ಕೂಡ ಸಿಸ್ಟಂನ ಒಡೆತನದಲ್ಲಿದೆ. ಅದಕ್ಕೂ ಹೋಮ್‌ನಲ್ಲಿ ಒಂದು ಫೋಲ್ಡರ್ ಮಾಡಿ, ದಾರಿ ಬದಲಿಸಿ, ಆನ್‌ಲೈನ್ ಅಪ್‌ಡೇಟರ್‌ನಿಂದ ಇನ್ಫೋ ಫೈಲ್‌ಗಳನ್ನು ಇಳಿಸಿಕೊಳ್ಳಿ.

ತೆರೆಯದ ಕೋರ್‌ಗೆ ಊಹೆಯಿಂದ ಮದ್ದು ಹೇಳುವುದು ಕಷ್ಟ. ಟರ್ಮಿನಲ್‌ನಲ್ಲಿ ರೆಟ್ರೋಆರ್ಚ್ ಅನ್ನು ‘ವರ್ಬೋಸ್’ (ನಡೆಯುವುದನ್ನೆಲ್ಲ ವಿವರವಾಗಿ ತೋರಿಸುವ) ಆಯ್ಕೆಯೊಂದಿಗೆ ತೆರೆದು, ಆ ಕೋರ್ ಆರಿಸಿ, ದೋಷ ತಿಳಿಸುವ ಸಾಲನ್ನು ಗಮನಿಸಿ. ‘ರಾಂಗ್ ಎಲ್ಫ್ ಕ್ಲಾಸ್’ ಎಂದಿದ್ದರೆ 64 ಬಿಟ್ ಪ್ರೋಗ್ರಾಂಗೆ 32 ಬಿಟ್ ಕೋರ್ ಹಾಕಿದಂತಾಗಿದೆ. ಜಿಲಿಬ್‌ಸಿಯ (ಲಿನಕ್ಸ್‌ನ ಮೂಲ ಲೈಬ್ರರಿ) ಯಾವುದೋ ಆವೃತ್ತಿ ಸಿಗಲಿಲ್ಲ ಎಂದಿದ್ದರೆ ಕೋರ್ ನಿಮ್ಮ ಉಬುಂಟುವಿಗಿಂತ ಹೊಸ ಸಿಸ್ಟಂಗೆ ಕಟ್ಟಿದ್ದು. ಆಗ ಆಪ್ಟ್‌ನ ಕೋರ್‌ಗೆ ಮರಳುವುದು ಅಥವಾ ಫ್ಲಾಟ್‌ಪ್ಯಾಕ್‌ಗೆ ಹೋಗುವುದು ಒಳ್ಳೆಯದು. ಬೇರೆ ಯಾವುದಾದರೂ ಲೈಬ್ರರಿ ಇಲ್ಲ ಎಂದಿದ್ದರೆ ಕೋರ್ ಫೈಲ್‌ನ ಮೇಲೆ ‘ಎಲ್‌ಡಿಡಿ’ (ಬೇಕಾದ ಲೈಬ್ರರಿಗಳ ಪಟ್ಟಿ ತೋರಿಸುವ ಕಮಾಂಡ್) ನಡೆಸಿ, ‘ನಾಟ್ ಫೌಂಡ್’ ಎಂದು ಬಂದ ಹೆಸರುಗಳನ್ನು ಆಪ್ಟ್‌ನಲ್ಲಿ ಹುಡುಕಿ.

ಮುಂದೆ ಎಂದಾದರೂ ಪಟ್ಟಿಯೇ ಬಾರದಿದ್ದರೆ, ನಿಮ್ಮ ಕಂಪ್ಯೂಟರ್‌ಗೆ ಕೈಹಾಕುವ ಮೊದಲು ಕೋರ್‌ಗಳು ಇಳಿದು ಬರುವ ಲಿಬ್‌ರೆಟ್ರೋ ಬಿಲ್ಡ್‌ಬಾಟ್ ಸರ್ವರ್ ಬ್ರೌಸರ್‌ನಲ್ಲಿ ತೆರೆಯುತ್ತದೆಯೇ ನೋಡಿ. 2020ರ ಆಗಸ್ಟ್‌ನಲ್ಲಿ ಹ್ಯಾಕರ್ ಒಬ್ಬ ಆ ಸರ್ವರ್‌ಗೆ ನುಗ್ಗಿ ಅದರಲ್ಲಿದ್ದುದನ್ನು ಅಳಿಸಿದ್ದರಿಂದ ಕೋರ್ ಡೌನ್‌ಲೋಡ್‌ಗೆ ಅಡ್ಡಿಯಾಗಿತ್ತು. ಅಂಥ ವೇಳೆ ನಮ್ಮ ಕಾನ್ಫಿಗ್ ತಿದ್ದಿ ಪ್ರಯೋಜನವಿಲ್ಲ. ಬ್ರೌಸರ್‌ನಲ್ಲಿ ತೆರೆದರೆ ಬೇಕಾದ ಕೋರ್‌ನ ಜಿಪ್ ಫೈಲನ್ನು ಅಲ್ಲಿಂದಲೇ ಇಳಿಸಿ, ಬಿಚ್ಚಿ, ‘ಕೋರ್ಸ್’ ಫೋಲ್ಡರ್‌ಗೆ ಹಾಕಿಕೊಳ್ಳಬಹುದು. ಸದ್ಯಕ್ಕೆ ಆ ವರ್ಬೋಸ್ ಸಾಲು ಏನು ಹೇಳುತ್ತದೆಂದು ಹಾಗೆಯೇ ನಕಲು ಮಾಡಿ ಹಾಕಿ, ನೋಡೋಣ.