ಪದ ಬೇಕು, ಅರ್ಜೆಂಟ್: ಮುಖ ಕಂಡ್ರೂ ಯಾರು ಅಂತ ಹೊಳೆಯದ ಸ್ಥಿತಿಗೆ ಏನಂತೀರಿ?

ಅನುವಾದಕಿ ಬರೆದದ್ದು:

ಎಲ್ರಿಗೂ ನಮಸ್ಕಾರ. ಒಂದು ಪದ ಬೇಕಿತ್ತು, ನಾಳೆ ಬೆಳಿಗ್ಗೆ ಹತ್ತಕ್ಕೆ ಪ್ರಿಂಟಿಗೆ ಹೋಗತ್ತೆ. ಮೆದುಳಿನ ಅಪರೂಪದ ಕೇಸುಗಳ ಬಗ್ಗೆ ಒಂದು ಪ್ರದರ್ಶನಕ್ಕೆ ಫಲಕಗಳನ್ನ ಕನ್ನಡಕ್ಕೆ ಮಾಡ್ತಿದೀನಿ, ಆರು ಮುಗೀತು, ಏಳನೇದು ಪ್ರೊಸೊಪ್ಯಾಗ್ನೋಸಿಯಾ, ಸಂಜೆಯಿಂದ ಅಲ್ಲೇ ಸಿಕ್ಕಾಕ್ಕೊಂಡಿದೀನಿ. ಎದುರಿಗಿರೋರ ಕಣ್ಣು ಮೂಗು ಬಾಯಿ ಎಲ್ಲಾ ಸರಿಯಾಗೇ ಕಾಣತ್ತೆ, ವಯಸ್ಸೆಷ್ಟಿರಬಹುದು, ನಗ್ತಿದಾರಾ ಸಿಟ್ಟಲ್ಲಿದಾರಾ ಅದೂ ಎಷ್ಟೋ ಜನಕ್ಕೆ ತಿಳಿಯತ್ತೆ, ಆದ್ರೆ ಇವರು ಯಾರು ಅನ್ನೋದು ಮಾತ್ರ ಹೊಳೆಯಲ್ಲ. ದನಿ ಕಿವಿಗೆ ಬಿತ್ತು ಅಂದ್ರೆ ತಟ್ಟಂತ ಗೊತ್ತಾಗತ್ತೆ. 1947ರಲ್ಲಿ ಬೋಡಾಮರ್ ಅನ್ನೋ ಜರ್ಮನ್ ನರವೈದ್ಯರು ಈ ಹೆಸರಿಟ್ಟಿದ್ದು, ಅವರು ನೋಡಿದವರಲ್ಲಿ ಒಬ್ಬ ತಲೆಗೆ ಗುಂಡೇಟು ಬಿದ್ದ ಯುವಕ. ಗ್ರೀಕಲ್ಲಿ ಪ್ರೋಸೋಪೋನ್ ಅಂದ್ರೆ ಮುಖ, ಅಗ್ನೋಸಿಯಾ ಅಂದ್ರೆ ತಿಳಿಯದಿರೋದು.

ತಲೆಬರಹದ ಜಾಗದಲ್ಲಿ ಎಂಟಕ್ಷರಕ್ಕಿಂತ ಹೆಚ್ಚು ಹಿಡಿಯಲ್ಲ, ಡಿಸೈನ್ ಮಾಡಿದೋರು ಕಡ್ಡಿ ಮುರಿದ ಹಾಗೆ ಹೇಳ್ಬಿಟ್ಟಿದಾರೆ. ಸದ್ಯಕ್ಕೆ "ಮುಖಗುರುಡು" ಅಂತ ಹಾಕಿದೀನಿ, ಬಣ್ಣಗುರುಡು ಇದೆಯಲ್ಲ ಆ ಥರ. ಪರವಾಗಿಲ್ವಾ?

ಹಳಗನ್ನಡದ ಮೇಷ್ಟ್ರು ಬರೆದದ್ದು:

ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ್ದು. ಆಗೋದಿಲ್ಲ.

ಅನುವಾದಕಿ ಬರೆದದ್ದು:

ಸಾರ್, ಹಾಗಾದ್ರೆ ಏನು ಆಗತ್ತೆ ಅನ್ನೋದನ್ನೂ ಹೇಳ್ಬಿಡಿ ಸಾರ್.

ಹಳಗನ್ನಡದ ಮೇಷ್ಟ್ರು ಬರೆದದ್ದು:

ಬಣ್ಣ ತದ್ಭವ, ಸಂಸ್ಕೃತದಿಂದ ಬಂದು ಕನ್ನಡಕ್ಕೆ ಒಗ್ಗಿದ್ದು, ಕನ್ನಡದ ಕುರುಡಿನ ಜೊತೆ ಕೂರತ್ತೆ. ಮುಖ ತತ್ಸಮ, ಸಂಸ್ಕೃತದಲ್ಲಿದ್ದ ಹಾಗೇ ಇದೆ, ಕೂರಲ್ಲ. ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜ ವಿನಾಯಿತಿ ಕೊಟ್ಟಿರೋದು ಬಿರುದಾವಳಿಗೆ, ರೋಗಗಳಿಗಲ್ಲ. "ಮುಖಾಂಧತೆ" ಅಂತ ಹಾಕಿ.

ಅಚ್ಚಗನ್ನಡಿಗ ಬರೆದದ್ದು:

ಮುಖಾಂಧತೆಯಂತೆ! ಅದನ್ನ ಓದೋಕೆ ಬರೋ ಮಕ್ಕಳು ಏನು ಪಾಪ ಮಾಡಿದಾವೆ ಮೇಷ್ಟ್ರೇ. ಇರುಳುಗಣ್ಣು, ಮೆಳ್ಳೆಗಣ್ಣು ಅಂತ ಎಷ್ಟು ಚೆಂದದ ಮಾದರಿ ನಮ್ಮಲ್ಲೇ ಇರುವಾಗ ಸಂಸ್ಕೃತದ ಮನೆ ಬಾಗಿಲಿಗೆ ಯಾಕೆ ಹೋಗ್ಬೇಕು? "ಮೊಗಗುರುಡು". ಅರಿಸಮಾಸಾನೂ ಇಲ್ಲ, ಮಹಾಪ್ರಾಣಾನೂ ಇಲ್ಲ. ಮುಗೀತು.

ಪೇಪರಿನವ ಬರೆದದ್ದು:

ಮುಗೀಲಿಲ್ಲ ಕಣ್ರೀ. ಮೊಗಗುರುಡು ಅಂತ ಜೋರಾಗಿ ಮೂರು ಸಲ ಹೇಳಿ ನೋಡಿ, ಎರಡು ಗ ಒಂದರ ಕಾಲು ಇನ್ನೊಂದು ತುಳಿದು "ಮೊಗ್ಗುರುಡು" ಆಗತ್ತೆ, ಕೇಳಿದೋರು ಮೊಗ್ಗಿಗೆ ಏನೋ ರೋಗ ಬಂದಿದೆ ಅಂದ್ಕೋತಾರೆ. ಮತ್ತೆ ಮೇಷ್ಟ್ರೇ, ನೀವು "ಮುಖಗವಸು" ಹಾಕ್ಕೊಂಡು ವರ್ಷಗಟ್ಲೆ ಓಡಾಡಿದಿರಲ್ಲ, ಆಗ ಅರಿಸಮಾಸ ಮೂಗಿಗೆ ಒತ್ತಲಿಲ್ವಾ? ಮುಖಬೆಲೆ ಅಂತ ನೋಟಿನ ಬಗ್ಗೆ ಬರೀತೀವಿ, ಅದೂ ಅದೇ. ಮುಖಗವಸು ನಿಂತಿದೆ ಅಂದ್ಮೇಲೆ ಮುಖಗುರುಡು ನಿಲ್ಲಲೇಬೇಕು, ಕವಸು ಗವಸಾದ ಹಾಗೆ ಕುರುಡು ಗುರುಡು, ಅಷ್ಟೇ.

ಹಳಗನ್ನಡದ ಮೇಷ್ಟ್ರು ಬರೆದದ್ದು:

ತಪ್ಪು ಬಳಕೆಗೆ ಬಂತು ಅಂದ ಮಾತ್ರಕ್ಕೆ ಸರಿ ಆಗಲ್ಲ. ಪತ್ರಿಕೆಯೋರು ಇದನ್ನ ಯಾವತ್ತು ಒಪ್ಪಿದಾರೆ.

ಧಾತುಪ್ರಿಯ ಬರೆದದ್ದು:

ಎಲ್ರೂ ಮೂಲ ಬಿಟ್ಟು ಜಗಳ ಆಡ್ತಿದೀರಿ. ಗ್ರೀಕಿನ ಗ್ನೋ, ನಮ್ಮ ಜ್ಞಾ, ಎರಡೂ ಒಂದೇ ಬೇರು. ಅಗ್ನೋಸಿಯಾದ ಮೊದಲನೇ ಅ ಕೂಡ ಅಜ್ಞಾನದ ಅ ನೇ. ಇನ್ನು ಪ್ರೋಸೋಪೋನನ್ನ ವೇದದ "ಪ್ರತೀಕ"ದ ಜೊತೆ ಹೋಲಿಸ್ತಾರೆ, ಇವತ್ತು ನಾವು ಪ್ರತೀಕ ಅಂದ್ರೆ ಗುರುತು, ಸಂಕೇತ ಅಂತೀವಿ, ವೇದದಲ್ಲಿ ಅದಕ್ಕೆ ಮುಖ ಅನ್ನೋ ಅರ್ಥ ಇದೆ. ಹಾಗಾಗಿ ಬೋಡಾಮರ್ ಇಟ್ಟ ಹೆಸರಿಗೆ ಬೇರಿಗೆ ಬೇರು ಹೊಂದೋ ಪದ ಅಂದ್ರೆ "ಪ್ರತೀಕಾಜ್ಞಾನ". ಐದೇ ಅಕ್ಷರ, ಮೇಡಂ. ಜೊತೆಗೆ ಮುಖ, ಗುರುತು ಎರಡು ಅರ್ಥಾನೂ ಒಂದೇ ಪದದಲ್ಲಿ ಬಂತು, ನೋಡಿ ಎಂಥಾ ಸೊಗಸು.

ಪೇಪರಿನವ ಬರೆದದ್ದು:

ಸೊಗಸು ನಿಮಗೆ ಕಾಣತ್ತೆ ಸ್ವಾಮಿ. ಫಲಕ ಓದೋರಿಗೆ ರಾಷ್ಟ್ರಧ್ವಜ ಗುರುತು ಹಿಡಿಯದ ಕಾಯಿಲೆ ಅನ್ಸತ್ತೆ.

ಲ್ಯಾಬ್‌ವಾಸಿ ಬರೆದದ್ದು:

ಎರಡು ದಿನಕ್ಕೊಮ್ಮೆ ಮೇಲ್ ನೋಡೋನು ನಾನು, ಇವತ್ತು ತೆಗೆದ್ರೆ ಇಷ್ಟುದ್ದ. ವ್ಯಾಕರಣ ನಿಮಗೇ ಬಿಟ್ಟೆ. ನನ್ನ ತಕರಾರು "ಕುರುಡು" ಮೇಲೆ. ಬಣ್ಣಗುರುಡಲ್ಲಿ ಕಣ್ಣಿನ ಒಳಪರದೆಯಲ್ಲೇ ಕೊರತೆ ಇರತ್ತೆ, ಇರುಳುಗಣ್ಣೂ ಅಲ್ಲಿಯದೇ. ಇದರಲ್ಲಿ ಕಣ್ಣು ನೂರಕ್ಕೆ ನೂರು ಸರಿ, ಕೆಡೋದು ಮೆದುಳಿನ ಕೆಳಭಾಗದಲ್ಲಿ ಮುಖಗಳ ಕೆಲಸ ನೋಡ್ಕೊಳ್ಳೋ ಜಾಗ, ಹೆಚ್ಚಾಗಿ ಬಲಗಡೆದು.

ಎಷ್ಟು ಕರಾರುವಾಕ್ಕಾಗಿ ಮುಖ ಒಂದೇ ಕೆಡಬಹುದು ಅನ್ನೋದಕ್ಕೆ 1993ರಲ್ಲಿ ಮ್ಯಾಕ್‌ನೀಲ್ ಮತ್ತು ವಾರಿಂಗ್ಟನ್ ಬರೆದ ಕೇಸ್ ನೋಡಿ. ಸ್ಟ್ರೋಕ್ ಆದ್ಮೇಲೆ ಒಬ್ಬರಿಗೆ ಮನುಷ್ಯರ ಮುಖ ಗೊತ್ತಾಗೋದು ನಿಂತೋಯ್ತು. ಆಮೇಲೆ ಅವರು ಕುರಿ ಸಾಕೋಕೆ ಶುರು ಮಾಡಿದ್ರು. ಹೊಸ ಕುರಿಗಳು ಮಾರಾಯ್ರೇ, ನಮಗೆಲ್ಲಾ ಒಂದೇ ಥರ ಕಾಣೋ ಕುರಿಗಳು, ಅವುಗಳ ಮುಖ ಕಲಿತು ಇದು ಇಂಥದ್ದು ಅಂತ ಬಿಡಿಸಿ ಹೇಳ್ತಿದ್ರು! ಇದಕ್ಕೆ ಉಲ್ಟಾ 1984ರ ಒಂದು ಕೇಸ್: ಒಬ್ಬ ರೈತನಿಗೆ ಜನರ ಮುಖಾನೂ ಹೋಯ್ತು ತನ್ನ ಹಸುಗಳ ಮುಖಾನೂ ಹೋಯ್ತು, ಕೆಲವು ತಿಂಗಳಾದ್ಮೇಲೆ ಜನ ವಾಪಸ್ ಬಂದ್ರು, ಹಸುಗಳು ಬರ್ಲಿಲ್ಲ. ಇನ್ನೊಬ್ಬರದ್ದು 1997ರಲ್ಲಿ ಬಂತು, ಅವರಿಗೆ ವಸ್ತುಗಳು ಗೊತ್ತಾಗಲ್ಲ, ಮುಖ ಮಾತ್ರ ಚೆನ್ನಾಗಿ ಗೊತ್ತಾಗತ್ತೆ. ಹಣ್ಣು ತರಕಾರಿ ಜೋಡಿಸಿ ಮುಖ ಮಾಡಿರೋ ಆರ್ಚಿಂಬೋಲ್ಡೋನ ಚಿತ್ರ ತೋರಿಸಿದ್ರೆ ಮುಖ ಇದೆ ಅಂತಿದ್ರು, ಅದು ತರಕಾರಿಯಿಂದ ಮಾಡಿದ್ದು ಅನ್ನೋದು ತಿಳೀತಿರ್ಲಿಲ್ಲ.

ಹೀಗಿರುವಾಗ ಕುರುಡು ಅನ್ನೋದು ಒಂದು ಕಡೆ ಹೊಂದಿದ್ರೂ ಈ ಥರದ ತೊಂದರೆಗಳ ಕುಟುಂಬಕ್ಕೆಲ್ಲಾ ಹೊಂದಲ್ಲ. ದನಿ ಕೇಳಿ ಯಾರು ಅಂತ ಗೊತ್ತಾಗದೇ ಇರೋ ತೊಂದರೆಯೂ ಇದೆ, ಅದನ್ನ ದನಿಗುರುಡು ಅಂತೀರಾ? ಆಮೇಲೆ ಮೇಡಂ, "ಅಪರೂಪ" ಅಂತ ಫಲಕದಲ್ಲಿ ಬರೀಬೇಡಿ. ಪೆಟ್ಟಿನಿಂದ ಬರೋದು ಅಪರೂಪ, ಹುಟ್ಟಿನಿಂದಲೇ ಇರೋದು ನೂರಕ್ಕೆ ಸುಮಾರು 2 ಜನಕ್ಕೆ ಅಂತ ಅಂದಾಜು. ಇಂಥ ಕೇಸುಗಳ ಬಗ್ಗೆ ಪುಸ್ತಕ ಬರೆದ ನರವೈದ್ಯ ಆಲಿವರ್ ಸ್ಯಾಕ್ಸ್ ಅವರಿಗೇ ಇತ್ತು. ಎದುರಿಗೆ ಬಂದ ದೊಡ್ಡ ಗಡ್ಡದ ಮನುಷ್ಯನಿಗೆ ಡಿಕ್ಕಿ ಹೊಡೆದೇಬಿಡ್ತಿದ್ದೆ ಅಂತ ಸಾರಿ ಕೇಳಿದ್ರಂತೆ, ನೋಡಿದ್ರೆ ಕನ್ನಡಿ.

ಅಚ್ಚಗನ್ನಡಿಗ ಬರೆದದ್ದು:

ಕುರಿ ಕತೆ ಚೆನ್ನಾಗಿದೆ. ಕುರುಡು ಬೇಡ ಅಂದ್ರೆ "ಮೊಗಮರೆವು". ಮರೆವು, ಮರೆಗುಳಿ ಎಲ್ಲಾ ಇದ್ದೇ ಇದೆ, ಎಲ್ರಿಗೂ ತಿಳಿಯತ್ತೆ. ಮುಖ ಅಂತ ಮಾತ್ರ ಬರೀಬೇಡಿ, ಕನ್ನಡಿಗರ ಬಾಯಲ್ಲಿ ಇಲ್ಲದ ಮಹಾಪ್ರಾಣ ಬರವಣಿಗೇಲಿ ಯಾಕೆ?

ಹಳಗನ್ನಡದ ಮೇಷ್ಟ್ರು ಬರೆದದ್ದು:

ಮೊಗ ಅನ್ನೋದೇ ಮುಖದ ತದ್ಭವ. ಸಾಲ ತಂದ ಪಾತ್ರೆಗೆ ಕಲಾಯಿ ಹಾಕಿ ಸ್ವಂತದ್ದು ಅಂತಿದೀರಿ.

ಅಚ್ಚಗನ್ನಡಿಗ ಬರೆದದ್ದು:

ಯಾರು ಯಾರ ಹತ್ರ ಸಾಲ ತಂದ್ರು? ಟಿ. ಬರೋ ಮತ್ತು ಎಂ. ಬಿ. ಎಮಿನೋ ಅನ್ನೋ ಭಾಷಾವಿದ್ವಾಂಸರ ದ್ರಾವಿಡ ನಿಘಂಟಲ್ಲಿ ಮೊಗ ಇದೆ, ತಮಿಳಿನ ಮುಗಮ್ ಇದೆ. ಸಂಸ್ಕೃತದ ಮುಖ ದ್ರಾವಿಡದಿಂದ ಹೋಗಿರೋದು ಅಂತ ಬರೋ ಅವರೇ ವಾದಿಸಿದಾರೆ. ನಮ್ಮನೆ ಪಾತ್ರೆ ನಿಮ್ಮನೇಲಿ ಬೆಳಗಿ ಇಟ್ಕೊಂಡು ನಮಗೇ ಸಾಲ ಅಂತೀರಾ?

ಧಾತುಪ್ರಿಯ ಬರೆದದ್ದು:

ಅದನ್ನ ಒಪ್ಪದೇ ಇರೋ ವಿದ್ವಾಂಸರೂ ಇದಾರೆ. ಒಪ್ಪಿದ್ರೂ ಒಂದು ತಮಾಷೆ ಗಮನಿಸಿ: ಮುಖ ದ್ರಾವಿಡ ಅಂತಾದ್ರೆ ಮುಖಗುರುಡು ಅರಿಸಮಾಸವೇ ಅಲ್ಲ! ಅಚ್ಚಗನ್ನಡಿಗರು ತಮಗೇ ಗೊತ್ತಿಲ್ದೆ ಮೇಡಂ ಪದಾನ ಗೆಲ್ಲಿಸಿಬಿಟ್ರು.

ಪೇಪರಿನವ ಬರೆದದ್ದು:

ಇದಕ್ಕಿಂತ ಚಹರೆ ವಾಸಿ, ಫಾರಸಿಯಿಂದ ಬಂದಿದ್ದು ಅಂತ ಎಲ್ರೂ ಒಪ್ತಾರೆ, ಜಗಳ ಇಲ್ಲ. ನಾವು ಅದನ್ನೂ ಬಿಡದೆ "ಮುಖಚಹರೆ" ಅಂತೀವಿ, ಅಂದ್ರೆ ಮುಖಮುಖ. ಗೇಟ್ ಬಾಗಿಲು ಅಂದ ಹಾಗೆ.

ಮೌನಸದಸ್ಯ ಬರೆದದ್ದು:

ನಾನು ಇಲ್ಲಿ ಬರೀತಿರೋದು ಇದೇ ಮೊದಲು, ಸುಮ್ಮನೆ ಓದ್ಕೊಂಡಿರ್ತೀನಿ. ನನಗೆ ಈ ತೊಂದ್ರೆ ಇದೆ, ಹುಟ್ಟಿನಿಂದ. ಹೆಸರಿದೆ ಅಂತ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ.

ಮಗಳನ್ನ ಸ್ಕೂಲಿಂದ ಕರ್ಕೊಂಡು ಬರೋಕೆ ಹೋದಾಗ ಗೇಟಿನ ಹತ್ರ ಅಲ್ಲಾಡದೆ ಒಂದೇ ಜಾಗದಲ್ಲಿ ನಿಂತ್ಕೋತೀನಿ. ಎಲ್ಲಾ ಒಂದೇ ಯೂನಿಫಾರ್ಮು, ಒಂದೇ ಎರಡು ಜಡೆ. ಅವಳೇ ಬಂದು ಕೈ ಹಿಡೀಬೇಕು. ಬ್ಯಾಗಿನ ಜಿಪ್ಪಿಗೆ ಕಿತ್ತಳೆ ಬಣ್ಣದ ದಾರ ಕಟ್ಟಿದೀನಿ, ದೂರದಿಂದ ಅದು ಕಂಡ್ರೆ ಸಮಾಧಾನ. ಒಂದಿನ ದಾರ ಬಿದ್ದೋಗಿತ್ತು, ಅವಳು ನನ್ನ ಮುಂದೇನೇ ನಿಂತು ನಗ್ತಿದ್ಲು, ನಾನು ಅವಳ ತಲೆ ಮೇಲಿಂದ ಆಚೆ ಹುಡುಕ್ತಿದ್ದೆ. "ಅಪ್ಪಾ" ಅಂದ ತಕ್ಷಣ ಎಲ್ಲಾ ಸರಿಹೋಯ್ತು.

ಕುರುಡು ಅಂದ್ರೆ ನನಗೇನೂ ಬೇಜಾರಿಲ್ಲ, ಆದ್ರೆ ಹೇಳಿದೋರೆಲ್ಲಾ ಕನ್ನಡಕ ಬದಲಾಯ್ಸು ಅಂತಾರೆ. ಮರೆವು ಅಂದ್ರೆ ಮಾತ್ರ ಸಿಟ್ಟು ಬರತ್ತೆ ಅಣ್ಣ, ಯಾಕಂದ್ರೆ ನಾನು ಯಾರನ್ನೂ ಮರೆತಿಲ್ಲ. ನನ್ನ ಮಗಳನ್ನ ಮರೀತೀನಾ? ಮನೇಲಿ ಇದಕ್ಕೆ ಹೆಸರೇನೂ ಇಟ್ಟಿಲ್ಲ. "ಗುರುತು ಸಿಗ್ಲಿಲ್ಲ" ಅಂತೀವಿ. ಎಲ್ರೂ ಯಾವಾಗ್ಲೋ ಒಮ್ಮೆ ಹೇಳೋ ಮಾತು, ನಾನು ದಿನಕ್ಕೆ ಇಪ್ಪತ್ತು ಸಲ ಹೇಳ್ತೀನಿ ಅಷ್ಟೇ.

ಲ್ಯಾಬ್‌ವಾಸಿ ಬರೆದದ್ದು:

ಇದು ಪಾಯಿಂಟು. ಕಾಣೋದೂ ಇದೆ, ನೆನಪೂ ಇದೆ, ಅವೆರಡರ ನಡುವಿನ ಕೊಂಡಿ ಇಲ್ಲ. ಆ ಕೊಂಡಿಗೆ ಕನ್ನಡದಲ್ಲಿ ಇರೋ ಪದಾನೇ ಗುರುತು. ಮುಖದ ಗುರುತು, ದನಿಯ ಗುರುತು, ವಸ್ತುವಿನ ಗುರುತು, ಕುಟುಂಬಕ್ಕೆಲ್ಲಾ ಹೊಂದತ್ತೆ.

ಅಚ್ಚಗನ್ನಡಿಗ ಬರೆದದ್ದು:

ಮರೆವು ವಾಪಸ್ ತಗೊಂಡೆ ಸಾರ್, ಕ್ಷಮಿಸಿ. ಹಾಗಾದ್ರೆ "ಗುರುತುಗೇಡು". ನಾಚಿಕೆಗೇಡು ಇದ್ದ ಹಾಗೆ.

ಪೇಪರಿನವ ಬರೆದದ್ದು:

ನಾಚಿಕೆಗೇಡು, ಬುದ್ಧಿಗೇಡಿ, ಮತಿಗೇಡಿ. ಎಲ್ಲಾ ಬೈಗುಳ. ಆ ಮನುಷ್ಯ ಈಗಷ್ಟೇ ಬಾಯ್ಬಿಟ್ಟು ಹೇಳ್ಕೊಂಡಿದಾರೆ, ಅವರನ್ನ ಗುರುತುಗೇಡಿ ಅಂತ ಕರೀತೀರಾ?

ಅನುವಾದಕಿ ಬರೆದದ್ದು:

ಎಲ್ರಿಗೂ ಥ್ಯಾಂಕ್ಸ್, ಗಂಟೆ ಒಂದೂವರೆ ಆಯ್ತು, ನಾನು ಇನ್ನು ನಿಲ್ಸ್ತೀನಿ. ತಲೆಬರಹ "ಗುರುತು ಸಿಗದ ಮುಖ" ಅಂತ ಮಾಡಿದೆ, ಎಣಿಸಿ ನೋಡಿ, ಸರಿಯಾಗಿ ಎಂಟು. ಕೆಳಗೆ ಸಣ್ಣಕ್ಷರದಲ್ಲಿ ಪ್ರೊಸೊಪ್ಯಾಗ್ನೋಸಿಯಾ. ಕುರಿ, ಹಸು ಎರಡೂ ಹಾಕಿದೀನಿ, "ಅಪರೂಪ" ತೆಗೆದೆ. ಮೌನಸದಸ್ಯರೇ, ನಿಮ್ಮ ಕಿತ್ತಳೆ ದಾರ ಫಲಕದಲ್ಲಿ ಹಾಕ್ಲಾ? ಹೆಸರು ಏನೂ ಬರಲ್ಲ.

ಹಳಗನ್ನಡದ ಮೇಷ್ಟ್ರು ಬರೆದದ್ದು:

ಇದು ಮುಖದ ಹೆಸರಾಯ್ತು, ಕಾಯಿಲೆಯ ಹೆಸರಾಗಲಿಲ್ಲ. ಸಮಾಸವಂತೂ ಅಲ್ಲ, ಹಾಗಾಗಿ ದೋಷವೂ ಇಲ್ಲ. ಇರಲಿ.

ಮೌನಸದಸ್ಯ ಬರೆದದ್ದು:

ಹಾಕಿ ಮೇಡಂ. ಈಗ ಅದು ಹಸಿರು ದಾರ.

ಅಚ್ಚಗನ್ನಡಿಗ ಬರೆದದ್ದು:

"ಮೊಗ" ಅಂತ ಹಾಕಿದ್ರೂ ಎಂಟೇ ಅಕ್ಷರ.